ಹಳೇ ಶಾಕ್ಸ್ ಮೇಲೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಬೇಡಿ: ಚಾರ್ಮಾಡಿಯಲ್ಲಿ ನನಗಾದ ಅನುಭವ

ಮೂವತ್ತು ನಲವತ್ತು ಸಾವಿರ ರೂಪಾಯಿಯೊಳಗೆ ಕಾರಿನ ಸಸ್ಪೆನ್ಷನ್ ಮಾಡಿಸಬೇಕು ಅಂತ ವಿಚಾರಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಾರು ಐವತ್ತು ಅರವತ್ತು ಸಾವಿರ ಕಿಲೋಮೀಟರ್ ಓಡಿದೆ, ಶಾಕ್ಸ್ (ಶಾಕ್ ಅಬ್ಸಾರ್ಬರ್) ಇನ್ನೂ ಕಂಪನಿಯದ್ದೇ ಇದೆ, ಸದ್ಯಕ್ಕೆ ಬರೀ ಸ್ಪ್ರಿಂಗ್ ಬದಲಾಯಿಸಿ ಕಾರಿನ ಎತ್ತರ ಇಳಿಸೋಣ ಅಂದುಕೊಂಡಿದ್ದರೆ ಇನ್ನೂ ಗಮನ ಕೊಟ್ಟು ಓದಿ. ನಾನು ಮಾಡಿದ್ದು ಅದನ್ನೇ.

ನನ್ನದು 2017ರ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಾಗ 62,000 ಕಿ.ಮೀ. ಓಡಿತ್ತು. ಎಷ್ಟೋ ವರ್ಷದಿಂದ ಆಸೆಪಟ್ಟಿದ್ದ ಕಾರು. ಎಂಜಿನ್ ಬಗ್ಗೆ ಒಂದು ಮಾತು ಆಡುವ ಹಾಗಿರಲಿಲ್ಲ. ಆದರೆ ಹೈವೇಯಲ್ಲಿ 100 ದಾಟಿದರೆ ಕಾರು ತೇಲಿದ ಹಾಗೆ ಆಗುತ್ತಿತ್ತು. ಸೇತುವೆ ಜಾಯಿಂಟ್ ಮೇಲೆ ಹೋದರೆ ಒಂದು ಸಲ ಕುಣಿದು ಸುಮ್ಮನಾಗುತ್ತಿರಲಿಲ್ಲ, ಎರಡು ಮೂರು ಸಲ ತೂಗುತ್ತಿತ್ತು. ಚಕ್ರದ ಮೇಲೆ ನಾಲ್ಕು ಬೆರಳು ತೂರುವಷ್ಟು ಜಾಗ ಬೇರೆ. ಎತ್ತರ ಜಾಸ್ತಿ ಇರೋದಕ್ಕೇ ಹೀಗೆ ಆಡುತ್ತೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಅದು ಶಾಕ್ಸ್ ಸೋತಿರುವ ಲಕ್ಷಣ ಅಂತ ಆಗ ಗೊತ್ತಿರಲಿಲ್ಲ.

ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಕೇಳಿದೆ. ‘35 ಎಂಎಂ ಇಳಿಯುತ್ತೆ ಸರ್, ಕಂಪನಿ ಶಾಕ್ಸ್ ಮೇಲೇ ಕೂರುತ್ತೆ, ಏನೂ ತೊಂದ್ರೆ ಇಲ್ಲ’ ಅಂದರು. ಸ್ಪ್ರಿಂಗ್‌ಗೆ 24,000, ಕೂಲಿ 4,500. ಬೆಳಿಗ್ಗೆ ಬಿಟ್ಟೆ, ಸಂಜೆಗೆ ಕಾರು ಕೈಗೆ ಬಂತು. ವೀಲ್ ಅಲೈನ್‌ಮೆಂಟ್ ಕೇಳಿದ್ದಕ್ಕೆ ‘ಸ್ಪ್ರಿಂಗ್ ಕೂತುಕೊಳ್ಳಲಿ, ಒಂದು ತಿಂಗಳು ಬಿಟ್ಟು ಮಾಡಿಸಿ’ ಎಂದರು. ಸ್ಪ್ರಿಂಗ್ ಸ್ವಲ್ಪ ಕೂರುವುದು ನಿಜ. ಆದರೆ ಅದಕ್ಕೆ ಕೆಲವು ದಿನ ಸಾಕು, ಮತ್ತು ಆ ಮಧ್ಯೆಯೂ ಒಮ್ಮೆ ಟೋ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ನೋಡಿಸಿಕೊಳ್ಳಬೇಕು. ಇದು ನನಗೆ ತಿಳಿದದ್ದು ಎರಡು ಟೈರ್ ಹೋದ ಮೇಲೆ.

ಮೊದಲ ಎರಡು ವಾರ ನಿಜವಾಗಿಯೂ ಖುಷಿ ಇತ್ತು. ನೈಸ್ ರಸ್ತೆಯಂಥ ನುಣುಪಾದ ರಸ್ತೆಯಲ್ಲಿ ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಅನ್ನಿಸಿತು. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತಿತ್ತು. ಎಲ್ಲರೂ ಮೋಸಹೋಗುವುದು ಈ ಎರಡು ವಾರದಲ್ಲೇ. ಗಟ್ಟಿಯಾಗಿರುವುದೆಲ್ಲ ಹಿಡಿತ ಅಂತ ಮನಸ್ಸು ನಂಬುತ್ತೆ.

ಜುಲೈ ತಿಂಗಳು. ನಾನು, ಹೆಂಡತಿ, ಮಗಳು ಧರ್ಮಸ್ಥಳಕ್ಕೆ ಹೊರಟಿದ್ದೆವು. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದೆವು. ಸಣ್ಣ ಮಳೆ, ಮಂಜು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಸ್ಪೀಡ್ 40ರ ಆಸುಪಾಸು, ಅದಕ್ಕಿಂತ ಜಾಸ್ತಿ ಇರಲಿಲ್ಲ. ಒಂದು ಎಡ ತಿರುವು. ತಿರುವಿನ ನಡುವೆ ಡಾಂಬರು ಕಿತ್ತು ತೇಪೆ ಹಾಕಿದ ಒಂದು ಉಬ್ಬು. ಕಾರು ಆಗಲೇ ಬಲಕ್ಕೆ ವಾಲಿತ್ತು. ಬಲ ಮುಂಚಕ್ರ ಆ ಉಬ್ಬಿನ ಮೇಲೆ ಹತ್ತಿದ್ದೇ ತಡ, ‘ಧಡ್’ ಅಂತ ಒಂದು ಸದ್ದು. ಸುತ್ತಿಗೆಯಲ್ಲಿ ಕಾರಿನ ಮೈಗೆ ಹೊಡೆದ ಹಾಗೆ. ಸ್ಟೀರಿಂಗ್ ಒಂದು ಕ್ಷಣ ಹಗುರವಾಯಿತು. ತಿರುಗಿಸಿದಷ್ಟೂ ಕಾರು ತಿರುಗಲಿಲ್ಲ, ನೇರ ಬಲಕ್ಕೆ ಜಾರಿತು. ಎದುರಿಗೆ ಘಾಟಿ ಹತ್ತಿ ಬರುತ್ತಿದ್ದ ಕೆಂಪು ಬಸ್ಸು. ಕಾರು ಜಾರದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆಯ ದೀಪ ಮಿಣುಕಿದ್ದು ಕಂಡಿತು. ಬಸ್ಸಿನ ಡ್ರೈವರ್ ಬ್ರೇಕ್ ಹಿಡಿದು ಆ ಬದಿಗೆ ಎಷ್ಟು ಸರಿಯಬಹುದೋ ಅಷ್ಟೂ ಸರಿದರು. ಒಂದು ಮೊಳ ಜಾಗದಲ್ಲಿ ನಾವು ದಾಟಿದೆವು.

ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿದಾಗ ನನ್ನ ಕೈ ನಡುಗುತ್ತಿತ್ತು. ಹೆಂಡತಿ ಏನೂ ಮಾತಾಡಲಿಲ್ಲ. ಮಗಳು ಎದ್ದಿರಲೂ ಇಲ್ಲ. ಆ ಬಸ್ಸಿನ ಡ್ರೈವರಿಗೆ ನಾನು ಇವತ್ತಿಗೂ ಮನಸ್ಸಲ್ಲೇ ಕೈ ಮುಗಿಯುತ್ತೇನೆ.

ವಾಪಸ್ ಬಂದು ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ಬಲಗಡೆಯ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಣೆ) ಬಿಚ್ಚಿ ಬೆಂಚಿನ ಮೇಲೆ ಇಟ್ಟರು. ಶಾಕ್ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡು ಬಾಣಲೆ ತಳದ ಜಿಡ್ಡಿನ ಹಾಗಾಗಿತ್ತು. ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಒತ್ತಿಹೋದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ಫೋಮ್ ತುಂಡು, ಒಣ ರಸ್ಕಿನ ಹಾಗೆ ಪುಡಿಯಾಗಿ ಕೈಗೆ ಬಂತು. ಆಮೇಲೆ ಶಾಕ್ ನಿಲ್ಲಿಸಿ ರಾಡನ್ನು ಅಂಗೈಯಿಂದ ಒತ್ತಲು ಹೇಳಿದರು. ಮೊದಲ ಎರಡು ಬೆರಳಗಲ ಏನೂ ತಡೆಯೇ ಇಲ್ಲದೆ ಒಳಗೆ ಹೋಯಿತು. ಬಿಟ್ಟರೆ ಮೇಲೆ ಬರಲಿಲ್ಲ. ಪಕ್ಕದಲ್ಲೇ ಅದೇ ಅಳತೆಯ ಹೊಸ ಗ್ಯಾಸ್ ಶಾಕ್ ಇಟ್ಟರು. ಅದನ್ನು ಒತ್ತಲು ಮೈಭಾರ ಹಾಕಬೇಕಾಯಿತು. ಕೈ ಬಿಟ್ಟ ಮೇಲೆ ನಿಧಾನಕ್ಕೆ, ಒಂದೇ ವೇಗದಲ್ಲಿ ತಾನೇ ಮೇಲೆದ್ದು ಬಂತು. ನನಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಆದರೂ ವಿಷಯ ಹೇಳಬೇಕು, ಯಾಕೆಂದರೆ ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ. ಸ್ಪ್ರಿಂಗ್ ಕೆಲಸ ಭಾರ ಹೊರುವುದು. ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುವುದು ಶಾಕ್. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದನ್ನು ಹಿಡಿಯಲು ಶಾಕ್‌ಗೂ ಬಲ ಜಾಸ್ತಿ ಬೇಕು. ಸ್ಪ್ರಿಂಗ್ 30% ಗಟ್ಟಿಯಾದರೆ ಶಾಕ್ ಸುಮಾರು 14% ಜಾಸ್ತಿ ಹಿಡಿಯಬೇಕಾಗುತ್ತೆ. ಹೊಸ ಶಾಕ್ ಆಗಿದ್ದರೆ ಹೇಗೋ ಸುಧಾರಿಸೀತು. ನನ್ನದು ಹಳೇ ಸ್ಪ್ರಿಂಗನ್ನೇ ಹಿಡಿಯಲಾಗದೆ ಕೂತಿತ್ತು. ಅದರ ಮೇಲೆ ಇನ್ನೂ ಗಟ್ಟಿ ಸ್ಪ್ರಿಂಗ್ ಹೇರಿದೆ. ಜೊತೆಗೆ 35 ಎಂಎಂ ಇಳಿಸಿದರೆ ಆ 35 ಎಂಎಂ ಪೂರ್ತಿ ಚಕ್ರ ಮೇಲೇಳುವ ಜಾಗದಿಂದಲೇ ಹೋಗುತ್ತೆ. ತಿರುವಿನಲ್ಲಿ ವಾಲಿದಾಗ ಉಳಿದ ಜಾಗದಲ್ಲೂ ಒಂದು ಪಾಲು ಖರ್ಚಾಗಿರುತ್ತೆ. ಆಗ ಉಬ್ಬು ಬಂದರೆ ಕಾರು ಸೀದಾ ಬಂಪ್ ಸ್ಟಾಪ್ ಮೇಲೆ ಕೂರುತ್ತೆ. ಅಲ್ಲಿಂದ ಮುಂದೆ ಸ್ಪ್ರಿಂಗೂ ಇಲ್ಲ, ಶಾಕೂ ಇಲ್ಲ, ಟೈರೊಂದೇ. ಒದ್ದೆ ರಸ್ತೆಯಲ್ಲಿ ಟೈರ್ ಮೇಲೆ ಹಾಗೆ ಒಮ್ಮೆಲೇ ಭಾರ ಬಿದ್ದು ಎದ್ದರೆ ಹಿಡಿತ ಬಿಟ್ಟುಬಿಡುತ್ತೆ.

ಇನ್ನೊಂದು ಮಾತು ಕೇಳಿದಾಗ ನನಗೆ ನಂಬಲಾಗಲಿಲ್ಲ. ಪೋಲೋದಂಥ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಜಾಸ್ತಿ ಇಳಿಸಿದರೆ ಅದು ವಾಲುವ ಪ್ರವೃತ್ತಿ ಹೆಚ್ಚಾಗಬಹುದು! ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್ ಚಕ್ರದ ಕಡೆಗೆ ಇಳಿಜಾರಾಗಿ ಅಥವಾ ಮಟ್ಟವಾಗಿ ಇರಬೇಕಾದದ್ದು. ಕಾರು ಇಳಿದಾಗ ಅದು ಚಕ್ರದ ಕಡೆ ಮೇಲಕ್ಕೆ ಎದ್ದುಕೊಳ್ಳುತ್ತೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿನ ಭಾರದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತೆ. ಎರಡರ ನಡುವಿನ ಅಂತರವೇ ವಾಲಿಸುವ ಸನ್ನೆಗೋಲು. ಅದು ಉದ್ದವಾಗುತ್ತೆ. ಸ್ಪ್ರಿಂಗ್ ಗಟ್ಟಿಯಾಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಕೋನವೂ ಕೆಟ್ಟು, ಗುಂಡಿಗೆ ಬಿದ್ದಾಗ ಚಕ್ರ ತಾನಾಗಿಯೇ ಸ್ವಲ್ಪ ತಿರುಗುತ್ತೆ. ಹೈವೇಯಲ್ಲಿ ನನ್ನ ಸ್ಟೀರಿಂಗ್ ಆಗಾಗ ಜಗ್ಗುತ್ತಿದ್ದದ್ದಕ್ಕೆ ಕಾರಣ ಅದೇ ಇರಬೇಕು.

ಟೈರ್ ಕಥೆ ಬೇಗ ಹೇಳುತ್ತೇನೆ. ಮುಂದಿನ ಎರಡೂ ಟೈರ್ ಹೊರಗಿನಿಂದ ನೋಡಿದರೆ ಚೆನ್ನಾಗಿದ್ದವು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳ ಅಂಚು ಮುಟ್ಟಿ ನೋಡಿದರೆ ಬೋಳು, ಒಂದು ಕಡೆ ದಾರ ಕಾಣುತ್ತಿತ್ತು. ಇಳಿಸಿದಾಗ ಟೋ ಬದಲಾಗಿತ್ತು, ಯಾರೂ ಸರಿಮಾಡಲಿಲ್ಲ. ಇಂಥ ಟೈರಿನಲ್ಲಿ ನಾನು ಮಳೆಯಲ್ಲಿ ಘಾಟಿ ಇಳಿದಿದ್ದೆ.

ಕೆಲಸ ಮಾಡಿದ ರೀತಿಯಲ್ಲೂ ತಪ್ಪಿತ್ತು. ಕಂಟ್ರೋಲ್ ಆರ್ಮ್ ಕೀಲಿನಲ್ಲಿರುವ ಬುಷ್ ರಬ್ಬರಿನದು, ಒಳಗೂ ಹೊರಗೂ ಲೋಹಕ್ಕೆ ಅಂಟಿಸಿದ್ದು. ಕಾರು ಲಿಫ್ಟ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗ ಆ ಬೋಲ್ಟ್ ಬಿಗಿ ಮಾಡಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ. ಬೇಗ ಹರಿಯುತ್ತೆ. ಕೊನೆಯ ಬಿಗಿತ ಚಕ್ರದ ಮೇಲೆ ಭಾರ ಬಿದ್ದ ಮೇಲೇ ಆಗಬೇಕು. ನನ್ನ ಕಾರಿನ ಎರಡೂ ಆರ್ಮ್‌ಗಳ ಹಿಂಬದಿ ಬುಷ್ ಸೀಳಿದ್ದವು. ಹಾಗೆಯೇ ಸ್ಟ್ರಟ್ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಟಾಪ್ ಮೌಂಟ್ ನಟ್ ಅನ್ನು ಗಾಳಿ ಗನ್‌ನಲ್ಲಿ ಹೊಡೆದರೆ ಒಳಗಿನ ರಾಡ್ ಗಿರಗಿರ ತಿರುಗಿ ಸೀಲ್‌ಗೆ ಪೆಟ್ಟು. ಕೈ ಸ್ಪ್ಯಾನರ್‌ನಲ್ಲಿ, ರಾಡ್ ಹಿಡಿದು ಮಾಡುವ ಕೆಲಸ ಅದು. ನಿಮ್ಮ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ಇವೆರಡನ್ನು ನೋಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಕೊನೆಗೆ ಏನಾಯಿತು? ಹಳೇ ಕಂಪನಿ ಸ್ಪ್ರಿಂಗ್ ವಾಪಸ್ ಹಾಕಿಸಿದೆ. ಪುಣ್ಯಕ್ಕೆ ಅವನ್ನು ಗುಜರಿಗೆ ಹಾಕಿರಲಿಲ್ಲ. ನಾಲ್ಕೂ ಹೊಸ ಗ್ಯಾಸ್ ಶಾಕ್ಸ್, ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಆರ್ಮ್ ಬುಷ್, ಕೂಲಿ ಸೇರಿ 41,000. ಎರಡು ಟೈರ್ 15,000. ಅಲೈನ್‌ಮೆಂಟ್ 1,500. ಮೊದಲು ಸುರಿದ 28,500 ಸೇರಿಸಿದರೆ 86,000. ಅದರಲ್ಲಿ ಆ ಮೊದಲ 28,500 ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಮನಸ್ಸಿಗೆ ಚುಚ್ಚುವ ಮಾತೆಂದರೆ, ಈಗಿನ ಕಾರು ಎಲ್ಲ ರೀತಿಯಲ್ಲೂ ಚೆನ್ನಾಗಿದೆ. ತೇಲುವುದಿಲ್ಲ. ಜಾಯಿಂಟ್ ಮೇಲೆ ಒಂದೇ ಸಲ ಎದ್ದು ಕೂರುತ್ತೆ. ತಿರುವಿನಲ್ಲಿ ಉಬ್ಬು ಬಂದರೂ ಗೆರೆ ಬಿಡುವುದಿಲ್ಲ. ನಾನು ಹುಡುಕುತ್ತಿದ್ದದ್ದು ಇದನ್ನೇ. ಎತ್ತರ ಕಂಪನಿ ಕೊಟ್ಟಷ್ಟೇ ಇದೆ.

ಹಾಗಾಗಿ ಬಜೆಟ್ ಕಡಿಮೆ ಇದ್ದರೆ ಮೊದಲ ದುಡ್ಡು ಒಳ್ಳೆಯ ಟೈರ್‌ಗೆ ಹಾಕಿ. ನೆಲ ಮುಟ್ಟುವುದು ಅದೊಂದೇ. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ನೋಡಿ ಗಾಳಿ ಹಾಕಿಸಿ, ಅಂಗಡಿಯವರು ಕಣ್ಣುಮುಚ್ಚಿ 35 ಪಿಎಸ್‌ಐ ಹಾಕುತ್ತಾರೆ. ಆಮೇಲೆ ಬುಷ್, ಮೌಂಟ್, ಶಾಕ್ಸ್. ಕಂಪನಿ ಮಟ್ಟದ ಶಾಕ್ಸ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು, ಬಿಲ್ ಮತ್ತು ವಾರಂಟಿ ಇಲ್ಲದೆ ತಗೋಬೇಡಿ. ಇಷ್ಟು ಮಾಡಿಸಿ ಒಂದು ತಿಂಗಳು ಓಡಿಸಿ. ಬಹಳ ಜನಕ್ಕೆ ಅಲ್ಲಿಗೇ ಸಾಕಾಗುತ್ತೆ ಅಂತ ನನ್ನ ನಂಬಿಕೆ.

ಸ್ಪ್ರಿಂಗ್ ಬೇಕೇ ಬೇಕು ಅಂದರೆ, ಅದಕ್ಕೆ ಹೊಂದುವ ಶಾಕ್ ಜೊತೆಗೇ ತಗೊಳ್ಳಿ. ಎರಡಕ್ಕೂ ದುಡ್ಡು ಸಾಲದಿದ್ದರೆ ಕಾಯಿರಿ. ಅಗ್ಗದ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಜೋಡಿ) ನೋಡುತ್ತಿದ್ದರೆ ಶಾಕ್ ಬಿಗಿತ ಹೊಂದಿಸಲು ‘32 ಕ್ಲಿಕ್’ ಇದೆ ಅನ್ನೋ ಮಾತಿಗೆ ಮರುಳಾಗಬೇಡಿ. ಸ್ಪ್ರಿಂಗ್ ರೇಟ್ (ಗಟ್ಟಿತನ) ಎಷ್ಟು, ಬಿಡಿ ಭಾಗ ಸಿಗುತ್ತಾ, ರಿಪೇರಿ ಯಾರು ಮಾಡುತ್ತಾರೆ ಅಂತ ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ. ಕರಾವಳಿ ಕಡೆಯವರು ಇನ್ನೂ ಎಚ್ಚರ. ಉಪ್ಪು ಗಾಳಿ, ಮಳೆಯಲ್ಲಿ ಕಾಯಿಲ್‌ಓವರಿನ ತಿರುಪಿನ ಸುತ್ತುಗಳು ತುಕ್ಕು ಹಿಡಿದರೆ ಎತ್ತರ ಹೊಂದಿಸುವುದಿರಲಿ, ಬಿಚ್ಚಲೂ ಆಗುವುದಿಲ್ಲ. ಮತ್ತೆ ಕಂಪನಿ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ಇಳಿಬಿದ್ದಾಗ ಸಡಿಲವಾಗಿ ಜಾಗ ಬಿಟ್ಟು ಸರಿಯುತ್ತೆ.

ನಮ್ಮ ಹಂಪ್‌ಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಹಾಗಿದ್ದರೆ ಇಳಿಸಿದ ಕಾರೂ ದಾಟೀತು. ನಮ್ಮೂರ ಶಾಲೆ ಮುಂದಿನ ಹಂಪ್ ಒಂದು ಮೊಳ ಅಗಲ, ಗೋಡೆ ಎದ್ದ ಹಾಗೆ ಇದೆ. ಅಲ್ಲಿ ನಾಲ್ಕು ಜನ ಕೂತು ದಾಟುವಾಗ ಪ್ರತಿ ಸಲ ಕೆಳಗಿನ ಗಾರ್ಡ್ ಉಜ್ಜುತ್ತಿತ್ತು.

ಕಾನೂನಿನ ವಿಷಯವನ್ನೂ ಗ್ಯಾರೇಜಿನವರು ಎತ್ತುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ವಾಹನ ಬದಲಿಸುವುದನ್ನು ತಡೆಯುತ್ತೆ. 2019ರ ತಿದ್ದುಪಡಿ ಬಂದ ಮೇಲೆ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಇನ್ಶೂರೆನ್ಸ್. ಅವತ್ತು ಆ ಬಸ್ಸಿಗೆ ಬಡಿದಿದ್ದರೆ, ತಿಳಿಸದೆ ಹಾಕಿಸಿದ್ದ ಈ ಸ್ಪ್ರಿಂಗ್ ಹಿಡಿದುಕೊಂಡು ಅವರು ಕ್ಲೇಮ್ ತಳ್ಳಿಹಾಕಲು ದಾರಿ ಇತ್ತು.

ಶಾಕ್ ಎಷ್ಟು ಒಳಕ್ಕೆ ಒತ್ತಿಹೋಗುತ್ತಿದೆ ಅಂತ ನೋಡಲು ಆ ಮೆಕ್ಯಾನಿಕ್ ಒಂದು ಸುಲಭ ಉಪಾಯ ಹೇಳಿಕೊಟ್ಟರು. ಬಂಪ್ ಸ್ಟಾಪ್ ಕೆಳಗೆ ರಾಡ್ ಕಾಣುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಗ್ (ವೈರ್ ಕಟ್ಟುವ ಜಿಪ್ ಟೈ) ಬಿಗಿಯಾಗಿ ಕಟ್ಟಿ, ಶಾಕ್ ಮೈವರೆಗೆ ಕೆಳಗೆ ತಳ್ಳಿ. ಒಂದು ವಾರ ನಿಮ್ಮ ದಿನದ ರಸ್ತೆಯಲ್ಲೇ ಓಡಿಸಿ. ಶಾಕ್ ಒತ್ತಿದಾಗೆಲ್ಲ ಟ್ಯಾಗ್ ರಾಡ್ ಮೇಲೆ ಸರಿಯುತ್ತೆ. ಅದು ಬಂಪ್ ಸ್ಟಾಪ್ ಒಳಗೆ ಹೂತುಹೋಗಿದ್ದರೆ ನಿಮಗೆ ಇಳಿಸಲು ಜಾಗವೇ ಇಲ್ಲ. ಇದಕ್ಕೆ ಖರ್ಚು ಐದು ರೂಪಾಯಿಯೂ ಇಲ್ಲ.

ಆ ಸ್ಪ್ರಿಂಗ್‌ಗಳು ಈಗ ಮನೆಯ ಅಟ್ಟದ ಮೇಲಿವೆ. ಹೋದ ತಿಂಗಳು ಒಬ್ಬ ಹುಡುಗ ಕೊಳ್ಳಲು ಫೋನ್ ಮಾಡಿದ್ದ, ಅರ್ಧ ರೇಟ್ ಕೊಡುತ್ತೇನೆ ಎಂದ. ಕಾರು ಎಷ್ಟು ಓಡಿದೆ ಕೇಳಿದೆ. 70,000 ಅಂದ. ಶಾಕ್ಸ್ ಬದಲಾಯಿಸಿದ್ದೀಯಾ ಕೇಳಿದೆ. ಇಲ್ಲ ಅಂದ. ಕೊಡಲಿಲ್ಲ. ಟ್ಯಾಗ್ ಕಟ್ಟುವುದು ಹೇಗೆ ಅಂತ ಹೇಳಿ ಫೋನ್ ಇಟ್ಟೆ.