ಮೊದಲು ಯಾವ ಲೋಕಕ್ಕೆ? ಜೋಡಿಯಾಗಿ ಓದಿದ ಆರು ಕಾದಂಬರಿಗಳು

ವಿಜ್ಞಾನ ಕಾದಂಬರಿ ಮತ್ತು ಫ್ಯಾಂಟಸಿಯ ಓದನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದವರ ಕೈಗೆ ಸಿಗುವ ಪಟ್ಟಿ ಹೆಚ್ಚುಕಡಿಮೆ ಒಂದೇ: ಟೋಲ್ಕಿನ್, ಅಸಿಮೋವ್, ಹರ್ಬರ್ಟ್, ಕ್ಲಾರ್ಕ್. ಎಲ್ಲರೂ ಆ ಪಟ್ಟಿಗೆ ಅರ್ಹರೇ. ಆದರೆ ಒಂದರ ಕೆಳಗೊಂದು ಬರೆದ ಹೆಸರುಗಳಿಂದ ಓದುಗರಿಗೆ ತಿಳಿಯುವುದು ತೀರಾ ಕಡಿಮೆ. ಒಂದೇ ಪ್ರಶ್ನೆಯನ್ನು ಎತ್ತಿಕೊಂಡ ಎರಡು ಪುಸ್ತಕಗಳನ್ನು ಬೆನ್ನುಬೆನ್ನಿಗೆ ಓದಿದರೆ ಯಾವುದರ ಬಲ ಎಲ್ಲಿದೆ, ಯಾವುದು ಎಲ್ಲಿ ಸೊರಗುತ್ತದೆ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ. ನಾನು ಹಾಗೆ ಜೋಡಿ ಮಾಡಿ ಓದಿದ ಆರು ಕಾದಂಬರಿಗಳನ್ನು ಇಲ್ಲಿ ಎದುರುಬದುರು ಇಡುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ: ಕಲ್ಪಿತ ಲೋಕದ ನಿಯಮ ಅಲ್ಲಿ ಬದುಕುವವರ ಮೈಮನಸ್ಸನ್ನು ಮುಟ್ಟುತ್ತದೆಯೇ? ಹಾಗೆ ಮುಟ್ಟದಿದ್ದರೆ ಎಷ್ಟೇ ಬೆರಗಿನ ಲೋಕವಾದರೂ ನೂರು ಪುಟ ದಾಟುವಷ್ಟರಲ್ಲಿ ನನಗೆ ಬೇಸರ ಬರುತ್ತದೆ.

ಮೊದಲ ಜೋಡಿ ಫ್ಯಾಂಟಸಿಯದು. ಜೆ.ಆರ್.ಆರ್. ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಉರ್ಸುಲಾ ಕೆ. ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಬಂದದ್ದು 1968ರಲ್ಲಿ. ಮೊದಲನೆಯದು ಸಾವಿರ ಪುಟಗಳ ಆಸುಪಾಸಿನದು. ಎರಡನೆಯದು ಇನ್ನೂರರ ಹತ್ತಿರ ಮುಗಿದುಹೋಗುತ್ತದೆ. ಗಾತ್ರದಲ್ಲಿ ಇಷ್ಟು ಅಂತರವಿದ್ದರೂ ಎರಡೂ ಕೇಳುವ ಪ್ರಶ್ನೆ ಒಂದೇ: ಕೈಗೆ ಸಿಕ್ಕ ಶಕ್ತಿಯನ್ನು ಮನುಷ್ಯ ಏನು ಮಾಡಬೇಕು?

ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಭಾಷೆಯ ಪ್ರಾಧ್ಯಾಪಕರಾಗಿದ್ದವರು. ಎಲ್ಫ್ ಎಂಬ ಕಲ್ಪಿತ ಜನರ ಭಾಷೆಗಳನ್ನು ಮೊದಲು ಕಟ್ಟಿ, ಆ ಭಾಷೆಗಳನ್ನು ಆಡುವವರಿಗಾಗಿ ಲೋಕವನ್ನು ಆಮೇಲೆ ಕಟ್ಟಿದರು. ಅದರ ಫಲ ಪುಟಪುಟದಲ್ಲೂ ಕಾಣುತ್ತದೆ. ದಾರಿಯಲ್ಲಿ ಎದುರಾಗುವ ಪಾಳು ಕಾವಲುಗೋಪುರಕ್ಕೂ, ಯಾರೋ ಅರ್ಧಕ್ಕೆ ನಿಲ್ಲಿಸುವ ಹಾಡಿಗೂ ಹಿಂದೆ ಸಾವಿರಾರು ವರ್ಷಗಳ ಕಥೆ ಇದೆ ಎಂಬ ನಂಬಿಕೆ ಓದುಗರಲ್ಲಿ ಬೇರೂರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ತಾಳ್ಮೆ. ಕಥೆಯ ನಾಯಕರಾದ ಕುಳ್ಳ ಜನ, ಹಾಬಿಟ್‌ಗಳು, ಊರು ಬಿಡುವುದಕ್ಕೇ ಸಾಕಷ್ಟು ಪುಟಗಳು ಬೇಕು. ಟಾಮ್ ಬೊಂಬಡಿಲ್‌ನ ಮನೆಯಲ್ಲಿ ಕಥೆ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಎಲ್ರಾಂಡ್‌ನ ಸಭೆಯ ಅಧ್ಯಾಯದಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಲೇ ಹೋಗುತ್ತಾರೆ. ಅಲ್ಲಿಗೇ ಪುಸ್ತಕ ಮುಚ್ಚಿಟ್ಟ ಅನೇಕರನ್ನು ನಾನು ಬಲ್ಲೆ. ಅವರಿಗೆ ನಾನು ಹೇಳುವುದು ಇಷ್ಟೇ: ಮೋರಿಯಾ ಗಣಿಯ ಕತ್ತಲೆಯನ್ನು ದಾಟುವವರೆಗೆ ಓದಿ, ಆಮೇಲೆ ನಿರ್ಧರಿಸಿ.

ಅಲ್ಲಿಂದ ಮುಂದೆ ಈ ಪುಸ್ತಕ ಏನಾಗುತ್ತದೆ ಎಂಬುದಕ್ಕೆ ಸರಿಸಾಟಿ ಇಲ್ಲ. ಯುದ್ಧದ ಅಧ್ಯಾಯಗಳಿಗಿಂತ, ಉಂಗುರವನ್ನು ನಾಶಮಾಡಲು ಹೊರಟ ಹಾಬಿಟ್‌ಗಳಾದ ಫ್ರೋಡೋ, ಸ್ಯಾಮ್ ಮತ್ತು ಅದಕ್ಕಾಗಿ ಹಪಹಪಿಸುವ ಗೊಲ್ಲಮ್ ಮೂವರೇ ನಡೆಯುವ ಅಧ್ಯಾಯಗಳು ನನಗೆ ದೊಡ್ಡವು. ಅಪಾರ ಶಕ್ತಿ ಕೊಡುವ ಆ ಉಂಗುರವನ್ನು ಎದುರಿಗೆ ಒಡ್ಡಿದಾಗ ಮಾಂತ್ರಿಕ ಗ್ಯಾಂಡಾಲ್ಫ್ ಬೇಡ ಎನ್ನುತ್ತಾನೆ, ಎಲ್ಫ್‌ಗಳ ಒಡತಿ ಗಲಾಡ್ರಿಯೆಲ್ ಕೂಡ ಬೇಡ ಎನ್ನುತ್ತಾಳೆ. ಇಬ್ಬರೂ ಹೆದರುವುದು ಶತ್ರುವಿಗಲ್ಲ, ಒಳ್ಳೆಯದನ್ನು ಮಾಡಬೇಕೆಂಬ ತಮ್ಮದೇ ಆಸೆಗೆ. ಶಕ್ತಿಯ ಬಗ್ಗೆ ಇಷ್ಟು ಎಚ್ಚರವಿರುವ ಮಹಾಕಥೆಗಳು ಅಪರೂಪ. ಇನ್ನೊಂದು ಮಾತನ್ನೂ ಹೇಳಬೇಕು: ಇದು ಗೆದ್ದವರ ಸಂಭ್ರಮದಲ್ಲಿ ಮುಗಿಯುವ ಕಥೆಯಲ್ಲ. ಉಳಿಸಿದ ಊರಿಗೆ ಮರಳಿದವನಿಗೆ ಆ ಊರಿನಲ್ಲಿ ನೆಮ್ಮದಿಯಿಂದ ಇರಲಾಗದು ಎಂಬ ನೋವನ್ನು ಟೋಲ್ಕಿನ್ ಕೊನೆಯವರೆಗೂ ಬಿಡುವುದಿಲ್ಲ.

ಲೆ ಗ್ವಿನ್ ಅವರ ದಾರಿ ಪೂರ್ತಿ ಬೇರೆ. ಗಾಂಟ್ ಎಂಬ ದ್ವೀಪದಲ್ಲಿ ಮೇಕೆ ಕಾಯುವ ಹುಡುಗ ಗೆಡ್. ಅವನಿಗೆ ಹುಟ್ಟಿನಿಂದಲೇ ಮಂತ್ರಶಕ್ತಿ ಇದೆ, ಅದರ ಜೊತೆಗೆ ಸೊಕ್ಕೂ ಇದೆ. ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ ಎದುರಾಳಿಯ ಮುಂದೆ ಹೆಚ್ಚುಗಾರಿಕೆ ತೋರಿಸಲು ಹೋಗಿ ಸತ್ತವರ ಲೋಕದ ಬಾಗಿಲು ತೆರೆಯುತ್ತಾನೆ. ಅಲ್ಲಿಂದ ಹೊರಬಿದ್ದ ನೆರಳೊಂದು ಅವನ ಬೆನ್ನು ಹತ್ತುತ್ತದೆ. ಉಳಿದದ್ದು ಆ ನೆರಳಿನ ಕಥೆ. ಆರಂಭದ ಒಂದು ದಾಳಿಯನ್ನು ಬಿಟ್ಟರೆ ಇಲ್ಲಿ ಸೈನ್ಯಗಳಿಲ್ಲ, ಯುದ್ಧವಿಲ್ಲ, ಕೋಟೆಯೊಳಗೆ ಕುಳಿತ ದುಷ್ಟ ಚಕ್ರವರ್ತಿಯೂ ಇಲ್ಲ.

ಈ ಲೋಕದ ನಿಯಮ ಒಂದೇ ಸಾಲಿನದು: ಪ್ರತಿಯೊಂದಕ್ಕೂ ನಿಜವಾದ ಹೆಸರೊಂದಿದೆ, ಅದನ್ನು ಬಲ್ಲವನಿಗೆ ಅದರ ಮೇಲೆ ಹಿಡಿತವಿದೆ. ನಿಯಮ ಸರಳ, ಅದರ ಪರಿಣಾಮಗಳು ಸರಳವಲ್ಲ. ಕಲ್ಲಿನ ಹರಳನ್ನು ನಿಜವಾದ ವಜ್ರವಾಗಿಸಿದರೆ ಇಡೀ ಜಗತ್ತಿನ ಸಮತೋಲನ ಅಷ್ಟರಮಟ್ಟಿಗೆ ಕದಲುತ್ತದೆ ಎಂದು ಗುರುವೊಬ್ಬರು ಗೆಡ್‌ಗೆ ಎಚ್ಚರಿಸುತ್ತಾರೆ. ಮನುಷ್ಯರೂ ತಮ್ಮ ನಿಜ ಹೆಸರನ್ನು ಮುಚ್ಚಿಟ್ಟೇ ಬದುಕುತ್ತಾರೆ. ಹಾಗಾಗಿ ಎಲ್ಲವನ್ನೂ ಕಳೆದುಕೊಂಡು ಕುಗ್ಗಿಹೋದ ಗೆಡ್‌ಗೆ ಗೆಳೆಯ ವೆಚ್ ತನ್ನ ಹೆಸರನ್ನು ಹೇಳಿಬಿಡುವ ಗಳಿಗೆ ಈ ಪುಸ್ತಕದ ಎದೆಬಡಿತ. ಅಲ್ಲಿ ಒಂದು ಪದವೂ ಹೆಚ್ಚಿಲ್ಲ. ಗೆಡ್ ಕೆಂಗಂದು ಬಣ್ಣದವನು, ವೆಚ್ ಕಪ್ಪು ಬಣ್ಣದವನು. ಫ್ಯಾಂಟಸಿಯ ನಾಯಕರೆಂದರೆ ಬಿಳಿಯರೇ ಆಗಿದ್ದ ಕಾಲದಲ್ಲಿ ಲೆ ಗ್ವಿನ್ ಇದನ್ನು ಯಾವ ಘೋಷಣೆಯೂ ಇಲ್ಲದೆ ಮಾಡಿ ಮುಗಿಸಿದರು.

ಕೊರತೆಯೂ ಇದೆ. ನಿರೂಪಣೆ ಪುರಾಣ ಹೇಳುವವರ ದೂರವನ್ನು ಕಾಯ್ದುಕೊಳ್ಳುತ್ತದೆ. ಪಾತ್ರಗಳ ಹರಟೆ, ನಗು ಬೇಕೆನ್ನುವವರಿಗೆ ಬಿಗಿ ಎನಿಸಬಹುದು. ಹೆಣ್ಣು ಪಾತ್ರಗಳು ತೀರಾ ಬಡವಾಗಿವೆ. ಎರಡನೆಯ ಪುಸ್ತಕ ‘ದ ಟೂಂಬ್ಸ್ ಆಫ್ ಅಟುವಾನ್’ ಒಬ್ಬ ಹುಡುಗಿಯ ಕಥೆಯೇ ಆಗಿದೆ. ನೆಲದಡಿಯ ಚಕ್ರವ್ಯೂಹದಲ್ಲಿ ದೀಪವಿಲ್ಲದೆ, ಗೋಡೆ ತಡವಿಕೊಂಡು ನಡೆಯಲು ಕಲಿತ ಟೆನಾರ್‌ಳನ್ನು ನಾನು ಗೆಡ್‌ಗಿಂತ ಒಂದು ಕೈ ಮೇಲೆಯೇ ಇಡುತ್ತೇನೆ.

ಹೊಸ ಓದುಗರು ಮೊದಲು ಅರ್ತ್‌ಸೀ ಓದಲಿ. ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ, ಈ ಪ್ರಕಾರ ನಿಮ್ಮದೋ ಅಲ್ಲವೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಆದರೆ ಹೆಚ್ಚು ದೊಡ್ಡ ಕೃತಿ ಯಾವುದು ಎಂದು ಕೇಳಿದರೆ ನನ್ನ ಉತ್ತರ ಟೋಲ್ಕಿನ್. ಮೊದಲು ಓದಬೇಕಾದದ್ದೇ ಎಲ್ಲಕ್ಕಿಂತ ದೊಡ್ಡದೂ ಆಗಿರಬೇಕೆಂಬ ನಿಯಮವೇನಿಲ್ಲ.

ಎರಡನೆಯ ಜೋಡಿ ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಮತ್ತು ಫ್ರ್ಯಾಂಕ್ ಹರ್ಬರ್ಟ್ ಅವರ ‘ಡ್ಯೂನ್’. ವಿಜ್ಞಾನ ಕಾದಂಬರಿ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿಗಳಲ್ಲಿ, 1966ರಲ್ಲಿ, ಎರಡಕ್ಕೂ ಪಾಲು ಸಿಕ್ಕಿತ್ತು: ಸಾರ್ವಕಾಲಿಕ ಶ್ರೇಷ್ಠ ಸರಣಿ ಎಂಬ ಗೌರವ ಫೌಂಡೇಶನ್‌ಗೆ, ಅತ್ಯುತ್ತಮ ಕಾದಂಬರಿ ಎಂಬ ಗೌರವ ಇನ್ನೊಂದು ಕಾದಂಬರಿಯೊಂದಿಗೆ ಸಮನಾಗಿ ಡ್ಯೂನ್‌ಗೆ. ಸರಣಿಯ ಸ್ಪರ್ಧೆಯಲ್ಲಿ ಸೋತವುಗಳಲ್ಲಿ ಟೋಲ್ಕಿನ್ ಅವರ ಕೃತಿಯೂ ಇತ್ತು. ಇಂದು ಓದಿದರೆ ಆ ತೀರ್ಪನ್ನು ನಾನು ಒಪ್ಪಲಾರೆ.

ಎರಡೂ ಭವಿಷ್ಯವನ್ನು ಮುಂಚೆಯೇ ಬಲ್ಲವರ ಕಥೆಗಳು. ಅಸಿಮೋವ್ ಅವರ ಹ್ಯಾರಿ ಸೆಲ್ಡನ್ ಗಣಿತಜ್ಞ. ಬೃಹತ್ ಜನಸಮೂಹಗಳ ನಡೆಯನ್ನು ಲೆಕ್ಕ ಹಾಕುವ ಸೈಕೋಹಿಸ್ಟರಿ ಎಂಬ ಶಾಸ್ತ್ರ ಅವನದು. ಆಕಾಶಗಂಗೆಯ ಸಾಮ್ರಾಜ್ಯ ಕುಸಿಯುವುದು ಖಚಿತ. ಆಮೇಲಿನ 30,000 ವರ್ಷಗಳ ಕತ್ತಲೆಯನ್ನು 1,000 ವರ್ಷಕ್ಕೆ ಇಳಿಸುವುದು ಅವನ ಯೋಜನೆ. ಈ ಶಾಸ್ತ್ರಕ್ಕೆ ಎರಡು ಷರತ್ತುಗಳಿವೆ: ಜನಸಂಖ್ಯೆ ಅಪಾರವಾಗಿರಬೇಕು, ತಮ್ಮ ಬಗ್ಗೆ ಭವಿಷ್ಯ ನುಡಿದಿರುವುದು ಆ ಜನರಿಗೆ ತಿಳಿದಿರಬಾರದು. ಒಬ್ಬ ವ್ಯಕ್ತಿಯ ಮುಂದೆ ಅದು ಕುರುಡು. ಡ್ಯೂನ್‌ನಲ್ಲಿ ಇದು ತಲೆಕೆಳಗಾಗುತ್ತದೆ. ಪಾಲ್ ಆಟ್ರೇಡಿಸ್ ಎಂಬ ಒಬ್ಬನೇ ಒಬ್ಬ ಮುಂದಿನದನ್ನು ಕಾಣುತ್ತಾನೆ, ತನ್ನ ಹೆಸರಿನಲ್ಲಿ ನಡೆಯಲಿರುವ ರಕ್ತಪಾತವನ್ನೂ ಕಾಣುತ್ತಾನೆ, ಕಂಡರೂ ತನ್ನ ಬೆನ್ನಿಗೆ ನಿಂತ ಜನಸಮೂಹವನ್ನು ತಡೆಯಲು ಅವನಿಂದ ಆಗುವುದಿಲ್ಲ. ಅಸಿಮೋವ್ ಅವರಿಗೆ ಮುನ್ನರಿವು ರಕ್ಷಣೆ, ಹರ್ಬರ್ಟ್ ಅವರಿಗೆ ಅದು ಸೆರೆಮನೆ. ಈ ಎರಡನ್ನು ಬೇರೆಬೇರೆಯಾಗಿ ಓದಿದವರಿಗೆ ಈ ವಾದ ಕೇಳಿಸುವುದೇ ಇಲ್ಲ.

ಓದಿನ ಅನುಭವದಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಫೌಂಡೇಶನ್‌ನ ಮೊದಲ ಕಥೆಯನ್ನು ಬರೆದಾಗ ಅಸಿಮೋವ್ ಅವರಿಗೆ 21 ವರ್ಷ; 1942ರಿಂದ ಪತ್ರಿಕೆಯಲ್ಲಿ ಬಂದ ಕಥೆಗಳು 1951ರಲ್ಲಿ ಪುಸ್ತಕವಾಗತೊಡಗಿದವು. ಇಬ್ಬರು ಮೂವರು ಕೋಣೆಯೊಂದರಲ್ಲಿ ಕುಳಿತು ವಾದಿಸುತ್ತಾರೆ, ಯುದ್ಧಗಳು ಹೊರಗೆಲ್ಲೋ ನಡೆದು ಸುದ್ದಿಯಾಗಿ ಬರುತ್ತವೆ. ವಾದಗಳು ಚುರುಕಾಗಿವೆ, ಪಾತ್ರಗಳು ಅಧ್ಯಾಯ ಮುಗಿದೊಡನೆ ಮರೆತುಹೋಗುತ್ತವೆ. ಮೊದಲ ಪುಸ್ತಕದಲ್ಲಿ ಹೆಂಗಸರು ಇಲ್ಲವೆನ್ನುವಷ್ಟು ಕಡಿಮೆ. ಡ್ಯೂನ್‌ನಲ್ಲಿ ಅರಾಕಿಸ್ ಗ್ರಹದ ನೀರಿನ ಬರ ಪ್ರತಿಯೊಬ್ಬರ ಮೈಯೊಳಗೆ ಇಳಿದಿದೆ. ಬೆವರನ್ನೂ ಮೂತ್ರವನ್ನೂ ಸೋಸಿ ಮತ್ತೆ ಕುಡಿಯಲು ಕೊಡುವ ಉಡುಪು ಅಲ್ಲಿನ ಮರುಭೂಮಿಯ ಜನರ ದಿನಬಳಕೆ. ಸತ್ತವನ ದೇಹದ ನೀರು ಕುಲಕ್ಕೆ ಸೇರುತ್ತದೆ. ಫ್ರೆಮೆನ್ ಎಂಬ ಆ ಮರುಭೂಮಿಯ ಜನರ ನಾಯಕ ಸ್ಟಿಲ್‌ಗರ್ ಪಾಲ್‌ನ ತಂದೆಯಾದ ಡ್ಯೂಕನ ಮೇಜಿನ ಮೇಲೆ ಉಗುಳುತ್ತಾನೆ. ಸೈನಿಕರು ಸಿಡಿದೇಳುವಾಗ, ಅದು ತನ್ನ ಮೈಯ ನೀರನ್ನೇ ಕೊಟ್ಟ ಗೌರವ ಎಂದು ಬಲ್ಲವನೊಬ್ಬ ತಡೆಯುತ್ತಾನೆ. ನಿಯಮ ಬದುಕನ್ನು ಮುಟ್ಟಬೇಕು ಎಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ. ದ್ರೋಹಿ ಯಾರೆಂಬುದನ್ನೂ ಹರ್ಬರ್ಟ್ ಮುಂಚೆಯೇ ಹೇಳಿಬಿಡುತ್ತಾರೆ. ಗೊತ್ತಿದ್ದೂ ತಡೆಯಲಾಗದ ಪಾಲ್‌ನ ಸಂಕಟ ಹೀಗೆ ಓದುಗರದ್ದೂ ಆಗುತ್ತದೆ.

ನನ್ನ ಆಯ್ಕೆ ಡ್ಯೂನ್, ಅನುಮಾನವೇ ಇಲ್ಲ. ಮೊದಲ ಐವತ್ತು ಪುಟಗಳಲ್ಲಿ ಅಪರಿಚಿತ ಪದಗಳು ಮುತ್ತಿಕೊಳ್ಳುತ್ತವೆ; ಕೊನೆಯಲ್ಲಿ ಕೊಟ್ಟ ಅರ್ಥಕೋಶವನ್ನು ಪದೇಪದೇ ತೆರೆಯದೆ ಮುಂದೆ ಸಾಗಿದರೆ ಅವು ತಾವಾಗಿ ಬಿಡಿಸಿಕೊಳ್ಳುತ್ತವೆ. ಇತಿಹಾಸ, ರಾಜಕೀಯ ತಂತ್ರ, ಚುಟುಕು ಕಥೆಗಳನ್ನು ಇಷ್ಟಪಡುವವರು ಫೌಂಡೇಶನ್ ತೆಗೆದುಕೊಳ್ಳಲಿ. ಸರಣಿಯ ಎರಡನೆಯ ಪುಸ್ತಕದಲ್ಲಿ ಬರುವ, ಲೆಕ್ಕಾಚಾರವನ್ನೆಲ್ಲ ಒಬ್ಬನೇ ಬುಡಮೇಲು ಮಾಡುವ ಮ್ಯೂಲ್‌ನ ಭಾಗವನ್ನಾದರೂ ಅವರು ತಪ್ಪಿಸಿಕೊಳ್ಳಬಾರದು.

ಮೂರನೆಯ ಜೋಡಿಯಲ್ಲಿ ಸ್ಪರ್ಧೆ ಬಿಗಿಯಾಗಿದೆ. ಆರ್ಥರ್ ಸಿ. ಕ್ಲಾರ್ಕ್ ಅವರ ‘ರಾಂಡೇವೂ ವಿತ್ ರಾಮ’ 1973ರದು, ಸ್ಟಾನಿಸ್ಲಾವ್ ಲೆಮ್ ಅವರ ‘ಸೋಲಾರಿಸ್’ 1961ರದು. ನಮ್ಮದಲ್ಲದ ಬುದ್ಧಿಯೊಂದು ಎದುರಾದರೆ ನಮಗೆ ಅದು ಅರ್ಥವಾದೀತೇ ಎಂದು ಎರಡೂ ಕೇಳುತ್ತವೆ.

ಕ್ಲಾರ್ಕ್ ಕಾದಂಬರಿಯಲ್ಲಿ 50 ಕಿಲೋಮೀಟರ್ ಉದ್ದದ, ತಿರುಗುತ್ತಿರುವ ಉರುಳೆಯೊಂದು ಸೌರಮಂಡಲವನ್ನು ಹಾದುಹೋಗುತ್ತದೆ. ಅದರೊಳಗೆ ಇಳಿದ ತಂಡ ಕತ್ತಲಲ್ಲಿ ಕಿಲೋಮೀಟರುಗಟ್ಟಲೆ ಮೆಟ್ಟಿಲು ಇಳಿಯುತ್ತದೆ. ಅಕ್ಷದ ಬಳಿ ತೂಕವೇ ಇಲ್ಲದವರು ಕೆಳಗಿಳಿದಂತೆ ಭಾರವಾಗುತ್ತಾ ಹೋಗುತ್ತಾರೆ. ಮಧ್ಯದಲ್ಲಿ ಉರುಳೆಯ ಒಳಮೈಯನ್ನು ಸುತ್ತುಗಟ್ಟಿದ ಸಮುದ್ರ. ಸೂರ್ಯ ಹತ್ತಿರವಾದಂತೆ ಅದರ ಹಿಮ ಕರಗುತ್ತದೆ, ಬಿರುಗಾಳಿ ಹುಟ್ಟುತ್ತದೆ. ಎಲ್ಲವೂ ಭೌತವಿಜ್ಞಾನದ ಲೆಕ್ಕಕ್ಕೆ ಸಿಗುವಂಥದ್ದು, ಆದರೂ ಬೆರಗು ಒಂದಿಷ್ಟೂ ಮುಕ್ಕಾಗುವುದಿಲ್ಲ. ರಾಮಕ್ಕೆ ನಮ್ಮ ಗೊಡವೆಯೇ ಇಲ್ಲ ಎಂಬುದು ಕ್ಲಾರ್ಕ್ ಅವರ ಉತ್ತರ. ಪಾತ್ರಗಳು ಮಾತ್ರ ಸಮರ್ಥ ಅಧಿಕಾರಿಗಳಷ್ಟೇ. ಹೆಸರು ಅದಲುಬದಲಾದರೂ ವ್ಯತ್ಯಾಸ ತಿಳಿಯದು.

ಲೆಮ್ ಅವರ ಗ್ರಹವನ್ನು ಜೀವಂತ ಸಾಗರವೊಂದು ಆವರಿಸಿದೆ. ಎರಡು ಸೂರ್ಯರ ನಡುವೆ ಅಸ್ಥಿರವಾಗಬೇಕಿದ್ದ ಗ್ರಹದ ಕಕ್ಷೆಯನ್ನು ಆ ಸಾಗರವೇ ಸರಿಪಡಿಸಿಕೊಳ್ಳುತ್ತಿದೆ. ಮನುಷ್ಯರು ತಲೆಮಾರುಗಳಿಂದ ಅದನ್ನು ಅಧ್ಯಯನ ಮಾಡಿ ಗ್ರಂಥಾಲಯವನ್ನೇ ತುಂಬಿಸಿದ್ದಾರೆ, ತಿಳಿದದ್ದು ಏನೂ ಇಲ್ಲ. ಗ್ರಹದ ಸಂಶೋಧನಾ ನಿಲ್ದಾಣಕ್ಕೆ ಬಂದ ಮನೋವಿಜ್ಞಾನಿ ಕೆಲ್ವಿನ್‌ನ ಮುಂದೆ, ಬಹಳ ಹಿಂದೆ ತೀರಿಕೊಂಡ ಅವನ ಪ್ರೇಯಸಿ ಒಂದು ಬೆಳಿಗ್ಗೆ ಕುಳಿತಿರುತ್ತಾಳೆ. ಸಾಗರ ಅವನ ನೆನಪನ್ನು ಅಗೆದು ಅವಳನ್ನು ಕಳುಹಿಸಿದೆ. ಶಿಕ್ಷೆಗೋ, ಉಡುಗೊರೆಗೋ, ಕಾರಣವೇ ಇಲ್ಲದೆಯೋ, ಯಾರಿಗೂ ಗೊತ್ತಿಲ್ಲ. ತಾನು ನಿಜವಾದವಳಲ್ಲ ಎಂಬುದು ಅವಳಿಗೇ ನಿಧಾನವಾಗಿ ಅರಿವಾಗುವ ಭಾಗವನ್ನು ನಾನು ಪ್ರತಿ ಸಲವೂ ತಡೆದು ತಡೆದು ಓದುತ್ತೇನೆ. ನಡುವಿನ ಗ್ರಂಥಾಲಯದ ಅಧ್ಯಾಯಗಳು ಒಣಗಿವೆ ಎಂದು ಹಲವರು ದೂರುತ್ತಾರೆ. ನನಗೆ ಅವೇ ಅವಶ್ಯಕ: ಇಷ್ಟು ಓದಿಯೂ ಏನೂ ತಿಳಿಯದ ದಣಿವು ಓದುಗರ ಮೈಗೂ ಬರಬೇಕು. ಇಂಗ್ಲಿಷಿನಲ್ಲಿ ಓದುವವರು 2011ರಲ್ಲಿ ಪೋಲಿಷ್‌ನಿಂದ ನೇರವಾಗಿ ಬಂದ ಬಿಲ್ ಜಾನ್‌ಸ್ಟನ್ ಅವರ ಅನುವಾದವನ್ನೇ ಹುಡುಕಿಕೊಳ್ಳಲಿ. ಹಳೆಯದು ಫ್ರೆಂಚ್ ಅನುವಾದದಿಂದ ಮಾಡಿದ್ದು.

ಹದಿಹರೆಯದವರಿಗೆ, ಯಂತ್ರ ಮತ್ತು ಆಕಾಶದ ಹುಚ್ಚಿರುವವರಿಗೆ ರಾಮ. ಯಾರನ್ನಾದರೂ ಕಳೆದುಕೊಂಡಿರುವ ವಯಸ್ಕರಿಗೆ ಸೋಲಾರಿಸ್, ಆದರೆ ಆ ನೋವು ಹಸಿಯಾಗಿರುವಾಗ ಬೇಡ.

ಇಷ್ಟು ದಪ್ಪ ಪುಸ್ತಕಗಳಿಗೆ ಬಿಡುವಿಲ್ಲ ಎನ್ನುವವರಿಗೆ ಟೆಡ್ ಚಿಯಾಂಗ್ ಅವರ ‘ಸ್ಟೋರೀಸ್ ಆಫ್ ಯುವರ್ ಲೈಫ್ ಅಂಡ್ ಅದರ್ಸ್’ ಎಂಬ 2002ರ ಸಂಕಲನ ಇದೆ, ಎಂಟೇ ಕಥೆಗಳು. ಆಕಾಶದ ಛಾವಣಿಯವರೆಗೆ ಗೋಪುರ ಕಟ್ಟಿ ಅದನ್ನು ಕೊರೆಯಲು ಹೊರಟ ಗಣಿ ಕಾರ್ಮಿಕರ ಕಥೆಯಿಂದ ಶುರು ಮಾಡಿ. ಹಳೆಯ ನಂಬಿಕೆಯನ್ನು ಸತ್ಯವೆಂದೇ ಹಿಡಿದು ಎಂಜಿನಿಯರ್‌ನ ಶಿಸ್ತಿನಿಂದ ಬರೆದ ಆ ಕಥೆಯನ್ನು ವಿಜ್ಞಾನದ ಕಪಾಟಿನಲ್ಲಿಡಬೇಕೋ ಫ್ಯಾಂಟಸಿಯ ಕಪಾಟಿನಲ್ಲಿಡಬೇಕೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಸರಣಿಗಳಲ್ಲಿ ಎಲ್ಲಿ ನಿಲ್ಲಬೇಕು ಎಂಬುದೂ ಮುಖ್ಯ. ಡ್ಯೂನ್ ಆದಮೇಲೆ 1969ರ ‘ಡ್ಯೂನ್ ಮೆಸಾಯ’ ಓದಲೇಬೇಕು. ವೀರನಾಯಕರನ್ನು ಕಣ್ಣುಮುಚ್ಚಿ ನಂಬಬೇಡಿ ಎಂಬ ಎಚ್ಚರಿಕೆ ಅಲ್ಲಿ ಪೂರ್ತಿಯಾಗುತ್ತದೆ. ಫೌಂಡೇಶನ್ 1953ರಲ್ಲಿ ಮುಗಿದ ಮೂರು ಪುಸ್ತಕಗಳಿಗೇ ಸಾಕು. ರಾಮದ ಮುಂದಿನ ಭಾಗಗಳನ್ನು ಕ್ಲಾರ್ಕ್ ಬೇರೊಬ್ಬರ ಜೊತೆಗೂಡಿ ಬರೆದರು. ಮೊದಲ ಪುಸ್ತಕ ಬಿಟ್ಟುಹೋದ ಮೌನವನ್ನು ಅವು ಕೆಡಿಸುತ್ತವೆ, ಬಿಟ್ಟುಬಿಡಿ. ಅರ್ತ್‌ಸೀಯನ್ನು ಮಾತ್ರ ನಿಲ್ಲಿಸಬೇಡಿ. 1990ರ ‘ಟೆಹಾನು’ ನಡುವಯಸ್ಸಿನ ಟೆನಾರ್‌ಳನ್ನು, ಶಕ್ತಿ ಕಳೆದುಕೊಂಡ ಗೆಡ್‌ನನ್ನು ತೋರಿಸುತ್ತದೆ. ಮೊದಲ ಪುಸ್ತಕದ ಓದುಗರು ಒಂದಿಷ್ಟು ವಯಸ್ಸಾದ ಮೇಲೆ ಓದಬೇಕಾದದ್ದು ಅದು.

ಆರನ್ನೂ ಮುಗಿಸಿ ಇನ್ನೊಂದು ಬೇಕು ಎನ್ನುವವರಿಗೆ ನನ್ನ ಶಿಫಾರಸು ಲೆ ಗ್ವಿನ್ ಅವರದೇ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’, 1969ರದು. ಸದಾ ಚಳಿಗಾಲದ ಗ್ರಹ, ಹುಟ್ಟಿನಿಂದ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಜನ, ಅಲ್ಲಿಗೆ ಒಬ್ಬನೇ ಬಂದ ರಾಯಭಾರಿ. ಮೊದಲ ಅಧ್ಯಾಯಗಳ ಅರಮನೆ ರಾಜಕೀಯ ನಿಧಾನ ಎನಿಸಿದರೆ ಕೈಬಿಡಬೇಡಿ. ಪರಸ್ಪರ ನಂಬಿಕೆಯಿಲ್ಲದ ಇಬ್ಬರು ಒಂದೇ ಗುಡಾರದಲ್ಲಿ ಮಲಗಿ, ಒಂದೇ ಜಾರುಬಂಡಿಯನ್ನು ಎಳೆಯುತ್ತಾ ಹಿಮಪ್ರಸ್ಥಭೂಮಿಯನ್ನು ದಾಟುವ ಭಾಗ ಪುಸ್ತಕದ ಕೊನೆಯ ಮೂರನೇ ಒಂದು ಭಾಗದಲ್ಲಿದೆ. ಹಿಂದಿನ ಅಧ್ಯಾಯಗಳ ಅನುಮಾನ, ಸುಳ್ಳು, ಅರೆಮಾತುಗಳೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ.