ಆದೇಶಕ್ಕೆ ಉತ್ತರ ಕೊಡುವ ತಂತಿ: ಹೋಮ್ ಥಿಯೇಟರನ್ನು ಕಂಪ್ಯೂಟರಿನಿಂದ ನಡೆಸುವ ನಾಲ್ಕು ದಾರಿಗಳ ಹೋಲಿಕೆ

ನನಗೆ ಬೇಕಾಗಿದ್ದದ್ದು ಬಹಳ ದೊಡ್ಡದೇನಲ್ಲ. ಚಿತ್ರಗಳನ್ನು ಇಟ್ಟುಕೊಂಡಿರುವ ಪುಟ್ಟ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಕೀಲಿ ಒತ್ತಿದರೆ ಪ್ರೊಜೆಕ್ಟರ್ ಹೊತ್ತಿಕೊಳ್ಳಬೇಕು, ರಿಸೀವರ್ (ಸ್ಪೀಕರುಗಳಿಗೆ ಧ್ವನಿ ಹಂಚುವ ಯಂತ್ರ) ಎದ್ದು ಸರಿಯಾದ ಇನ್‌ಪುಟ್ಟಿಗೆ ಬರಬೇಕು, ಧ್ವನಿ ನಾನು ಗೊತ್ತುಮಾಡಿದ ಮಟ್ಟದಲ್ಲಿ ನಿಲ್ಲಬೇಕು. ಮುಗಿದ ಮೇಲೆ ಇನ್ನೊಂದು ಕೀಲಿಗೆ ಇವೆಲ್ಲವೂ ಸರಿಯಾದ ಕ್ರಮದಲ್ಲಿ ಆರಬೇಕು. ಈ ಒಂದೇ ಕೆಲಸವನ್ನು ಇನ್‌ಫ್ರಾರೆಡ್, ಎಚ್‌ಡಿಎಂಐ-ಸಿಇಸಿ (ಎಚ್‌ಡಿಎಂಐ ಕೇಬಲ್ಲಿನಲ್ಲೇ ಯಂತ್ರಗಳು ಒಂದಕ್ಕೊಂದು ಆದೇಶ ಕೊಡುವ ಏರ್ಪಾಡು), ಸೀರಿಯಲ್ ಕೇಬಲ್ (ಬಿಟ್‌ಗಳನ್ನು ಒಂದರ ಹಿಂದೊಂದು ಕಳುಹಿಸುವ ತಂತಿ) ಮತ್ತು ನೆಟ್‌ವರ್ಕ್ ಎಂಬ ನಾಲ್ಕು ದಾರಿಗಳಿಂದ, ಪ್ರತಿಯೊಂದಕ್ಕೂ ಸುಮಾರು ಒಂದು ತಿಂಗಳು ಕೊಟ್ಟು, ಮಾಡಿಸಿ ನೋಡಿದೆ. ಆದೇಶ ಕಳುಹಿಸುವುದರಲ್ಲಿ ನಾಲ್ಕೂ ಸಮರ್ಥವೇ. ಕಳುಹಿಸಿದ ಆದೇಶ ಏನಾಯಿತೆಂದು ತಿಳಿಸುವುದರಲ್ಲಿ ಮಾತ್ರ ಅವುಗಳ ನಡುವೆ ಅಜಗಜಾಂತರವಿದೆ, ಮತ್ತು ನನ್ನ ಆಯ್ಕೆಯನ್ನು ನಿರ್ಧರಿಸಿದ್ದೂ ಅದೇ.

ಮೊದಲು ಹಿಡಿದದ್ದು ಇನ್‌ಫ್ರಾರೆಡ್ ದಾರಿ, ಏಕೆಂದರೆ ರಿಮೋಟ್ ಇರುವ ಯಾವ ಯಂತ್ರವನ್ನಾದರೂ ಇದರಿಂದ ನಡೆಸಬಹುದು. ಯುಎಸ್‌ಬಿಗೆ ಸಿಕ್ಕಿಸುವ ಒಂದು ಪ್ರೇಷಕ ಮತ್ತು ಲಿರ್ಕ್ ತಂತ್ರಾಂಶ ಇದ್ದರೆ ಸಾಕು. ಬಹುಪಾಲು ರಿಮೋಟ್‌ಗಳು ಸುಮಾರು 38 ಕಿಲೋಹರ್ಟ್ಸ್ ಆವರ್ತನದಲ್ಲಿ ಮಿನುಗುವ ಬೆಳಕನ್ನೇ ಬಳಸುತ್ತವೆ. ವ್ಯಾಪಕವಾಗಿರುವ ಎನ್‌ಇಸಿ ಪದ್ಧತಿಯಲ್ಲಿ 9 ಮಿಲಿಸೆಕೆಂಡಿನ ಮಿನುಗು, 4.5 ಮಿಲಿಸೆಕೆಂಡಿನ ಮೌನ, ಆಮೇಲೆ 32 ಬಿಟ್‌ಗಳು ಹೋಗುತ್ತವೆ. ಒಂದು ಸಂಜೆಯಲ್ಲಿ ಎಲ್ಲ ಕೀಲಿಗಳನ್ನೂ ಕಲಿಸಿ ಮುಗಿಸಿದೆ. ತೊಡಕು ಇದ್ದದ್ದು ಪವರ್ ಕೀಲಿಯಲ್ಲಿ. ನನ್ನ ಪ್ರೊಜೆಕ್ಟರಿನ ರಿಮೋಟಿನಲ್ಲಿ ಹೊತ್ತಿಸುವುದಕ್ಕೂ ಆರಿಸುವುದಕ್ಕೂ ಇರುವುದು ಒಂದೇ ಸಂಕೇತ, ಹಾಗಾಗಿ ಯಂತ್ರದ ಸದ್ಯದ ಸ್ಥಿತಿ ಗೊತ್ತಿಲ್ಲದೆ ಅದನ್ನು ಕಳುಹಿಸುವುದೆಂದರೆ ನಾಣ್ಯ ಚಿಮ್ಮಿದಂತೆ. ಒಂದು ದಿನ ಯಾರೋ ಅಡ್ಡ ನಿಂತಿದ್ದರಿಂದ ಸಂಕೇತ ತಲುಪಲಿಲ್ಲ. ನಾನು ಕೈಯಿಂದಲೇ ಪ್ರೊಜೆಕ್ಟರ್ ಹೊತ್ತಿಸಿ, ಚಿತ್ರ ಮುಗಿದ ಮೇಲೆ ಕೈಯಿಂದಲೇ ಆರಿಸಿ, ಆಮೇಲೆ ಅಭ್ಯಾಸಬಲದಿಂದ ಕಂಪ್ಯೂಟರಿನ ಕೀಲಿಯನ್ನೂ ಒತ್ತಿ ಮಲಗಿದೆ. ಬೆಳಿಗ್ಗೆ ನೋಡಿದರೆ ಖಾಲಿ ಕೋಣೆಯಲ್ಲಿ ಪ್ರೊಜೆಕ್ಟರಿನ ದೀಪ ಉರಿಯುತ್ತಲೇ ಇತ್ತು. ಎಲ್‌ಇಡಿಯನ್ನು ಯಂತ್ರದ ಮುಖಕ್ಕೇ ಟೇಪಿನಿಂದ ಅಂಟಿಸಿದ ಮೇಲೆ ಅಡ್ಡ ಬರುವ ಸಮಸ್ಯೆ ನೀಗಿತು, ಆದರೆ ಯಂತ್ರ ಎದ್ದಿತೋ ಇಲ್ಲವೋ ಎಂಬುದನ್ನು ನನ್ನ ಸ್ಕ್ರಿಪ್ಟ್ (ಆದೇಶಗಳನ್ನು ಕಳುಹಿಸುವ ಪುಟ್ಟ ಪ್ರೋಗ್ರಾಂ) ಊಹಿಸಿಯೇ ನಡೆಯಬೇಕಾದ ಗತಿ ಹಾಗೆಯೇ ಉಳಿಯಿತು.

ಸಿಇಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಚ್‌ಡಿಎಂಐ ಕನೆಕ್ಟರಿನ 13ನೆಯ ಪಿನ್ನಿನಲ್ಲಿ ಎಲ್ಲ ಯಂತ್ರಗಳೂ ಹಂಚಿಕೊಳ್ಳುವ ಒಂದೇ ತಂತಿ ಇದು. ಸೆಕೆಂಡಿಗೆ ಸುಮಾರು 400 ಬಿಟ್‌ಗಳ ನಿಧಾನಗತಿಯಲ್ಲಿ ಮಾತಾಡುತ್ತದೆ. ಸಾಮಾನ್ಯ ಕಂಪ್ಯೂಟರುಗಳ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಹೆಚ್ಚಾಗಿ ಈ ಪಿನ್ನಿಗೆ ಸಂಪರ್ಕವೇ ಇರುವುದಿಲ್ಲವಾದ್ದರಿಂದ ಪ್ರತ್ಯೇಕ ಅಡಾಪ್ಟರ್ ಬೇಕಾಗುತ್ತದೆ. ರಾಸ್ಪ್‌ಬೆರಿ ಪೈನಲ್ಲಿ ಮಾತ್ರ ಅದು ಮೊದಲಿನಿಂದಲೇ ಇದೆ. ಉತ್ತರ ಕೊಡುವ ಏರ್ಪಾಡು ಸಿಇಸಿಯಲ್ಲಿ ಇದೆ ಎಂಬುದನ್ನು ಒಪ್ಪಬೇಕು. ಆದರೆ ಇಲ್ಲಿ ನನ್ನ ಕಂಪ್ಯೂಟರ್ ಯಜಮಾನನಲ್ಲ, ಹತ್ತರಲ್ಲಿ ಹನ್ನೊಂದನೆಯದು. ಡಿಸ್ಕ್ ಪ್ಲೇಯರನ್ನು ಆರಿಸಿದರೆ ಅದು ಎಲ್ಲರಿಗೂ ಮಲಗಿ ಎಂದು ಸಾರುತ್ತಿತ್ತು, ನಡುವೆ ಓಡುತ್ತಿದ್ದ ಚಿತ್ರದ ಸಮೇತ ರಿಸೀವರ್ ಮಲಗಿಬಿಡುತ್ತಿತ್ತು. ಒಂದು ಟಿವಿ ಮತ್ತು ಒಂದು ಸೌಂಡ್‌ಬಾರ್ ಮಾತ್ರ ಇರುವವರಿಗೆ ಇದಕ್ಕಿಂತ ಸುಲಭವಾದದ್ದಿಲ್ಲ, ಅವರು ಮುಂದಿನ ಭಾಗವನ್ನು ಓದುವ ಅಗತ್ಯವೂ ಇಲ್ಲ. ನಾನು ತಿಂಗಳು ಮುಗಿಯುವ ಮೊದಲೇ ಎಲ್ಲ ಯಂತ್ರಗಳಲ್ಲೂ ಅದನ್ನು ನಿಲ್ಲಿಸಿದೆ.

ಇನ್ನು ಸೀರಿಯಲ್. ಇದು ಪಾಲಿಸುವ ಆರ್‌ಎಸ್-232 ಎಂಬ ಮಾನಕ 1960ರದ್ದು, ಹೆಚ್ಚು ಬಳಕೆಗೆ ಬಂದ ಅದರ ಸಿ ಆವೃತ್ತಿ 1969ರದ್ದು. ಟೆಲಿಪ್ರಿಂಟರ್ ಮತ್ತು ಮೋಡೆಮ್‌ಗಳಿಗಾಗಿ ಹುಟ್ಟಿದ ಈ ತಂತಿ ಇನ್ನೂ ರಿಸೀವರುಗಳ, ಪ್ರೊಜೆಕ್ಟರುಗಳ ಬೆನ್ನಿನಲ್ಲಿ ಒಂಬತ್ತು ಪಿನ್ನಿನ ಪೋರ್ಟಾಗಿ ಉಳಿದುಕೊಂಡಿದೆ. ಒಂಬತ್ತರಲ್ಲಿ ನಮಗೆ ಬೇಕಾದವು ಮೂರೇ: ಕಂಪ್ಯೂಟರಿನ ಬದಿಯಲ್ಲಿ 2ನೆಯದು ಕೇಳುವುದಕ್ಕೆ, 3ನೆಯದು ಹೇಳುವುದಕ್ಕೆ, 5ನೆಯದು ಗ್ರೌಂಡ್. ಸೆಕೆಂಡಿಗೆ 9600 ಬಿಟ್, 8 ಡೇಟಾ ಬಿಟ್, ಪ್ಯಾರಿಟಿ (ತಪ್ಪು ಪತ್ತೆಹಚ್ಚುವ ಹೆಚ್ಚುವರಿ ಬಿಟ್) ಇಲ್ಲ, ಅಕ್ಷರದ ಕೊನೆ ಸೂಚಿಸುವ 1 ಸ್ಟಾಪ್ ಬಿಟ್ ಎಂಬುದು ಬಹುತೇಕ ಎಲ್ಲರ ಹೊಂದಾಣಿಕೆ. ಇದಕ್ಕೆ ಅಪವಾದಗಳೂ ಇವೆ: ಸೋನಿಯ ಹಲವು ಪ್ರೊಜೆಕ್ಟರುಗಳು 38400ರ ವೇಗವನ್ನೂ ಸಮ ಪ್ಯಾರಿಟಿಯನ್ನೂ ಕೇಳುತ್ತವೆ. ಅಂಥಲ್ಲಿ ಹೊಂದಾಣಿಕೆ ತಪ್ಪಿದರೆ ಒಂದೋ ಕಸದಂಥ ಅಕ್ಷರಗಳು ಬರುತ್ತವೆ, ಇಲ್ಲವೇ ಏನೂ ಬರುವುದಿಲ್ಲ.

ನನ್ನ ರಿಸೀವರ್ ಡೆನಾನ್ ಕಂಪನಿಯ ಆದೇಶಪಟ್ಟಿಯನ್ನು ಪಾಲಿಸುವಂಥದ್ದು. ಆ ಪಟ್ಟಿಯ ಸರಳತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪಿ, ಡಬ್ಲ್ಯೂ, ಓ, ಎನ್ ಎಂಬ ನಾಲ್ಕು ಅಕ್ಷರಗಳನ್ನು ಟರ್ಮಿನಲ್ಲಿನಲ್ಲಿ ಬರೆದು ಎಂಟರ್ ಒತ್ತಿದರೆ ಯಂತ್ರ ಎದ್ದು ಅದೇ ನಾಲ್ಕು ಅಕ್ಷರಗಳನ್ನು ಉತ್ತರವಾಗಿ ಹಿಂದಿರುಗಿಸುತ್ತದೆ. ಎಂವಿ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಈಗಿನ ಧ್ವನಿಮಟ್ಟ ಎಷ್ಟೆಂದು ಹೇಳುತ್ತದೆ. 80 ಎಂದರೆ 0 ಡೆಸಿಬೆಲ್. ಮೊದಲ ವಾರವೇ ಒಂದು ತಪ್ಪು ಮಾಡಿದೆ, ಅದು ಪೂರಾ ನನ್ನದೇ. ಅರ್ಧ ಡೆಸಿಬೆಲ್ಲಿನ ಹೆಜ್ಜೆಯನ್ನು ಈ ಪದ್ಧತಿ ಮೂರನೆಯ ಅಂಕಿಯಿಂದ ಸೂಚಿಸುತ್ತದೆ, ಅಂದರೆ 455 ಎಂದು ಬಂದರೆ ಅದು ನಲವತ್ತೈದೂವರೆ. ನನ್ನ ಸ್ಕ್ರಿಪ್ಟ್ ಅದನ್ನು ನಾನೂರ ಐವತ್ತೈದು ಎಂದೇ ಓದಿ, ಕಿವಿ ಹರಿಯುವ ಶಬ್ದವೆಂದು ಹೆದರಿ, ಧ್ವನಿಯನ್ನು ತಳಕ್ಕೆ ಇಳಿಸಿಬಿಡುತ್ತಿತ್ತು. ಚಿತ್ರದ ನಡುವೆ ಯಾರಾದರೂ ಗುಂಡಿಯನ್ನು ಒಂದು ಚೂರು ತಿರುಗಿಸಿದರೆ ಸಾಕು, ಕೋಣೆ ನಿಶ್ಶಬ್ದವಾಗುತ್ತಿತ್ತು. ಕಾರಣ ಹಿಡಿಯಲು ಎರಡು ದಿನ ಬೇಕಾಯಿತು. ಆದರೆ ಈ ಪೇಚಿನಿಂದಲೇ ಗೊತ್ತಾದ ಸಂಗತಿ ನನ್ನನ್ನು ಗೆದ್ದಿತು: ಕೇಳದೆಯೂ ಯಂತ್ರ ಹೇಳುತ್ತದೆ. ಮುಂಭಾಗದ ಗುಂಡಿಯನ್ನು ಕೈಯಿಂದ ತಿರುಗಿಸಿದಾಗ ಕಂಪ್ಯೂಟರಿನ ತೆರೆಯ ಮೇಲೆ 45, 455, 46 ಎಂದು ಸಾಲುಗಳು ತಾವಾಗಿಯೇ ಇಳಿಯುತ್ತಾ ಬರುತ್ತವೆ.

ಪ್ರೊಜೆಕ್ಟರಿನ ವಿಷಯದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಎಪ್ಸನ್ ಬಳಸುವ ಇಎಸ್‌ಸಿ-ವಿಪಿ21 ಪದ್ಧತಿಯಲ್ಲಿ ಪವರ್ ಸ್ಥಿತಿಯನ್ನು ಕೇಳಿದರೆ 00, 01, 02, 03 ಮುಂತಾದ ಉತ್ತರಗಳು ಬರುತ್ತವೆ: ಮಲಗಿದೆ, ಉರಿಯುತ್ತಿದೆ, ಬಿಸಿಯಾಗುತ್ತಿದೆ, ತಣಿಯುತ್ತಿದೆ. ಕೊನೆಯಲ್ಲೊಂದು ವಿವರಣಚಿಹ್ನೆ (:) ಬಂದರೆ ಮುಂದಿನ ಆದೇಶಕ್ಕೆ ಸಿದ್ಧ ಎಂದರ್ಥ. ಇನ್‌ಫ್ರಾರೆಡ್ ಕಾಲದಲ್ಲಿ ನಲವತ್ತು ಸೆಕೆಂಡು ಕಾಯಿರಿ ಎಂದು ಅಂದಾಜಿನಲ್ಲಿ ಬರೆದಿದ್ದೆ. ಚಳಿಯ ದಿನ ಅದು ಸಾಲದು, ಬಿಸಿ ಆರದ ಯಂತ್ರಕ್ಕೆ ಅದು ಅತಿಯಾಯಿತು. ಈಗ ಸ್ಕ್ರಿಪ್ಟ್ ಎರಡು ಸೆಕೆಂಡಿಗೊಮ್ಮೆ ಕೇಳುತ್ತದೆ, 01 ಬಂದ ಕ್ಷಣ ಮುಂದೆ ಹೋಗುತ್ತದೆ. ವೇಗದ ಬಗ್ಗೆ ಅನುಮಾನ ಪಡುವವರಿಗೆ ಒಂದು ಲೆಕ್ಕ: 9600ರಲ್ಲಿ ಒಂದು ಅಕ್ಷರಕ್ಕೆ ಹತ್ತು ಬಿಟ್, ಅಂದರೆ ಸುಮಾರು ಒಂದು ಮಿಲಿಸೆಕೆಂಡು. ಆರು ಅಕ್ಷರದ ಆದೇಶ ಕಣ್ಣು ಮಿಟುಕಿಸುವುದರೊಳಗೆ ಮುಟ್ಟಿರುತ್ತದೆ.

ಸೀರಿಯಲ್ಲಿನ ಕಷ್ಟವೆಲ್ಲ ಇರುವುದು ಮೊದಲ ದಿನ, ಕೇಬಲ್ಲಿನಲ್ಲಿ. ಕೆಲವು ಯಂತ್ರಗಳು ನೇರ ಕೇಬಲ್ ಬೇಡುತ್ತವೆ, ಕೆಲವು 2 ಮತ್ತು 3ನ್ನು ಅದಲುಬದಲು ಮಾಡಿದ ನಲ್ ಮೋಡೆಮ್ ಕೇಬಲ್ ಬೇಡುತ್ತವೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮಲ್ಟಿಮೀಟರ್ ಇದ್ದವರಿಗೆ ಇದು ಎರಡು ನಿಮಿಷದ ಕೆಲಸ. ಕಪ್ಪು ಮೊನೆಯನ್ನು 5ನೆಯ ಪಿನ್ನಿಗೆ ಹಿಡಿದು ಕೆಂಪು ಮೊನೆಯಿಂದ 2 ಮತ್ತು 3ನ್ನು ಮುಟ್ಟಿ ನೋಡಬೇಕು. ಸುಮ್ಮನಿರುವ ಆರ್‌ಎಸ್-232 ಸಾಲು ಋಣ ವೋಲ್ಟೇಜಿನಲ್ಲಿ ನಿಂತಿರುತ್ತದೆಯಾದ್ದರಿಂದ, ಋಣ 5ರಿಂದ 12 ವೋಲ್ಟ್ ತೋರಿಸುವ ಪಿನ್ನು ಮಾತಾಡುವಂಥದ್ದು, ಸೊನ್ನೆಯ ಆಸುಪಾಸಿನದು ಕೇಳುವಂಥದ್ದು. ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಿದರೆ ಮುಗಿಯಿತು. ಯುಎಸ್‌ಬಿಯನ್ನು ಸೀರಿಯಲ್ಲಿಗೆ ಬದಲಿಸುವ ಅಡಾಪ್ಟರಿನ ಮೇಲೆಯೇ ಸಂದೇಹವಿದ್ದರೆ ಅದರ 2 ಮತ್ತು 3ನ್ನು ಒಂದು ತಂತಿಯ ಚೂರಿನಿಂದ ಕೂಡಿಸಿ ಟೈಪ್ ಮಾಡಬೇಕು. ಬರೆದದ್ದು ಹಿಂದಿರುಗಿ ಕಾಣಿಸಿದರೆ ದೋಷ ಬೇರೆಡೆ ಇದೆ.

ಅಡಾಪ್ಟರುಗಳಲ್ಲಿ ಮೂರನ್ನು ಬಳಸಿದೆ. ಎಫ್‌ಟಿಡಿಐ ಕಂಪನಿಯ ಚಿಪ್ಪಿನದು ಇಂದಿಗೂ ತಕರಾರಿಲ್ಲದೆ ನಡೆಯುತ್ತಿದೆ. ಹೆಸರಿಲ್ಲದ ಅಗ್ಗದ್ದೊಂದು ಕೆಲಸವನ್ನೇನೋ ಮಾಡಿತು, ಆದರೆ ಅದರೊಳಗೆ ವಿಶಿಷ್ಟ ಕ್ರಮಸಂಖ್ಯೆ ಇರಲಿಲ್ಲ. ಅಂಥ ಎರಡನ್ನು ಸಿಕ್ಕಿಸಿದರೆ ಲಿನಕ್ಸ್ ಕೊಡುವ ಹೆಸರುಗಳಲ್ಲಿ ಯಾವುದು ಟಿಟಿವೈ-ಯುಎಸ್‌ಬಿ-0, ಯಾವುದು 1 ಎಂಬುದು ಪ್ರತಿ ಸಲ ಕಂಪ್ಯೂಟರ್ ಎದ್ದಾಗ ಬದಲಾಗಬಹುದು. ಒಂದು ಸಂಜೆ ರಿಸೀವರಿಗೆ ಹೋಗಬೇಕಾದ ಧ್ವನಿಯ ಆದೇಶ ಪ್ರೊಜೆಕ್ಟರಿಗೆ ಹೋಗಿ, ಅದು ತಪ್ಪು ಎಂದು ಉತ್ತರ ಬರೆದದ್ದರಿಂದಲೇ ನನಗೆ ಇದು ತಿಳಿಯಿತು. ಉತ್ತರ ಕೊಡದ ದಾರಿಯಾಗಿದ್ದರೆ ಹುಡುಕುತ್ತಲೇ ಇರುತ್ತಿದ್ದೆ. ಕ್ರಮಸಂಖ್ಯೆ ಇರುವ ಚಿಪ್ಪನ್ನು ಲಿನಕ್ಸಿನಲ್ಲಿ ಅದರ ಗುರುತಿನ ಹೆಸರಿನಿಂದಲೇ ಕರೆಯಬಹುದು, ಯಾವ ತೂತಿಗೆ ಸಿಕ್ಕಿಸಿದರೂ ಆ ಹೆಸರು ಬದಲಾಗುವುದಿಲ್ಲ. ಮೂರನೆಯದು ಚಿಕ್ಕ ಟಿಟಿಎಲ್ ಬೋರ್ಡು. ಅದರ ವೋಲ್ಟೇಜ್ ಮಟ್ಟ 0ರಿಂದ 3.3 ವೋಲ್ಟ್, ಆರ್‌ಎಸ್-232ರದ್ದು ಧನ ಮತ್ತು ಋಣ ಎರಡೂ, ಮೇಲಾಗಿ ತಿರುವುಮುರುವು. ನಡುವೆ ಮಟ್ಟ ಬದಲಿಸುವ ಮ್ಯಾಕ್ಸ್232 ಜಾತಿಯ ಚಿಪ್ಪಿಲ್ಲದೆ ಇದನ್ನು ನೇರವಾಗಿ ಸೇರಿಸಬಾರದು, ಬೋರ್ಡು ಸುಟ್ಟುಹೋಗಬಹುದು.

ಕೊನೆಯದಾಗಿ ನೆಟ್‌ವರ್ಕ್. ಇದರೊಳಗೆ ಓಡುವುದೂ ಹೆಚ್ಚುಕಡಿಮೆ ಅದೇ ಸೀರಿಯಲ್ ಭಾಷೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಡೆನಾನ್ ಆದೇಶಗಳನ್ನೇ 23ನೆಯ ಪೋರ್ಟಿಗೆ (ಇಲ್ಲಿ ಪೋರ್ಟ್ ಎಂದರೆ ಯಂತ್ರದ ನೆಟ್‌ವರ್ಕ್ ಬಾಗಿಲಿನ ಸಂಖ್ಯೆ) ಕಳುಹಿಸಬಹುದು. ಓಂಕ್ಯೊ ಕಂಪನಿಯ ಪದ್ಧತಿಯಲ್ಲಿ ಅದಕ್ಕೊಂದು ತಲೆಬರಹ ಸೇರಿಸಿ 60128ಕ್ಕೆ ಕಳುಹಿಸಬೇಕು. ಪಿಜೆಲಿಂಕ್ ಎಂಬ ಸಮಾನ ಆದೇಶಪದ್ಧತಿಯನ್ನು ಒಪ್ಪುವ ಪ್ರೊಜೆಕ್ಟರುಗಳು 4352ರಲ್ಲಿ ಕಾದಿರುತ್ತವೆ. ಉತ್ತರ ಬರುತ್ತದೆ, ದೂರದ ಮಿತಿ ಇಲ್ಲ, ಅಡಾಪ್ಟರಿನ ಗೋಜಿಲ್ಲ. ಹಾಗಿದ್ದರೂ ಆ ತಿಂಗಳಿನಲ್ಲಿ ಸೀರಿಯಲ್ಲಿನಲ್ಲಿ ಕಾಣದ ಮೂರು ಕಿರುಕುಳಗಳನ್ನು ಕಂಡೆ. ಸ್ಟ್ಯಾಂಡ್‌ಬೈನಲ್ಲೂ ನೆಟ್‌ವರ್ಕ್ ಎಚ್ಚರವಿರಲಿ ಎಂಬ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಹಾಕದಿದ್ದರೆ ಮಲಗಿದ ಯಂತ್ರವನ್ನು ಎಬ್ಬಿಸಲಾಗದು, ಹಾಕಿದರೆ ಮಲಗಿದಾಗಲೂ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಒಮ್ಮೆಗೆ ಒಂದೇ ಸಂಪರ್ಕವನ್ನು ಒಪ್ಪುವ ಯಂತ್ರವಾದರೆ ಫೋನಿನ ಆ್ಯಪ್ ಮೊದಲು ಹಿಡಿದುಕೊಂಡಿತೆಂದರೆ ಸ್ಕ್ರಿಪ್ಟ್ ಹೊರಗೆ ನಿಲ್ಲಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ರೌಟರ್ ಆರಿ ಹೊತ್ತಿದ ಮೇಲೆ ಸಂಪರ್ಕ ಜೀವಂತವಿದೆ ಎಂದೇ ಸ್ಕ್ರಿಪ್ಟ್ ನಂಬಿಕೊಂಡು ಶೂನ್ಯಕ್ಕೆ ಆದೇಶ ಕಳುಹಿಸುತ್ತಿರುತ್ತದೆ. ಉತ್ತರ ಇಂತಿಷ್ಟು ಹೊತ್ತಿನಲ್ಲಿ ಬರದಿದ್ದರೆ ಸಂಪರ್ಕ ಕಡಿದು ಹೊಸದಾಗಿ ಜೋಡಿಸು ಎಂದು ಬರೆದ ಮೇಲೆ ಇದು ಸರಿಹೋಯಿತು. ಹೊಸ ಯಂತ್ರಗಳಲ್ಲಿ ಸೀರಿಯಲ್ ಪೋರ್ಟ್ ಅಪರೂಪವಾಗುತ್ತಿರುವುದರಿಂದ ಹಲವರಿಗೆ ಇದೇ ದಾರಿ ಉಳಿಯುತ್ತದೆ, ಮತ್ತು ಇಷ್ಟು ಎಚ್ಚರ ವಹಿಸಿದರೆ ಅದು ಸೀರಿಯಲ್ಲಿಗೆ ಬಹಳ ಹಿಂದೇನೂ ಇಲ್ಲ.

ದೂರದ ವಿಷಯಕ್ಕೆ ಒಂದು ಮಾತು. ಸೀರಿಯಲ್ ಕೇಬಲ್ಲಿಗೆ 15 ಮೀಟರ್ ಎಂಬ ಹಳೆಯ ಮಿತಿಯುಂಟು. ನನ್ನ ಪ್ರೊಜೆಕ್ಟರಿಗೆ ಹೋಗುವ 12 ಮೀಟರ್ ಕೇಬಲ್ 9600ರಲ್ಲಿ ಒಂದು ಅಕ್ಷರವನ್ನೂ ನುಂಗಿಲ್ಲ. ಅದಕ್ಕಿಂತ ದೂರವಿರುವವರು ಯಂತ್ರದ ಪಕ್ಕದಲ್ಲೇ ಒಂದು ಪುಟ್ಟ ಬೋರ್ಡ್ ಇಟ್ಟು, ಸೆರ್‌ಟುನೆಟ್ ಎಂಬ ತಂತ್ರಾಂಶದಿಂದ ಸೀರಿಯಲ್ ಪೋರ್ಟನ್ನು ನೆಟ್‌ವರ್ಕಿಗೆ ತೆರೆದರೆ ಕೇಬಲ್ ಒಂದು ಗೇಣಿಗೆ ಇಳಿಯುತ್ತದೆ.

ಈಗ ರಿಸೀವರ್ ಮತ್ತು ಪ್ರೊಜೆಕ್ಟರ್ ಸೀರಿಯಲ್ಲಿನಲ್ಲಿವೆ. ಡಿಸ್ಕ್ ಪ್ಲೇಯರಿಗೆ ಆ ಪೋರ್ಟ್ ಇಲ್ಲದ್ದರಿಂದ ಅದು ನೆಟ್‌ವರ್ಕಿನಲ್ಲಿದೆ. ಆರಿಸುವ ಕೀಲಿ ಒತ್ತಿದಾಗ ಪ್ರೊಜೆಕ್ಟರ್ 03 ದಾಟಿ 00 ಎಂದು ಹೇಳುವವರೆಗೂ ಸ್ಕ್ರಿಪ್ಟ್ ಅದರ ಪವರ್ ಪ್ಲಗ್ಗನ್ನು ಕಡಿಯುವುದಿಲ್ಲ. ಮೋಟಾರಿನ ಪರದೆ ಮಾತ್ರ ಇನ್‌ಫ್ರಾರೆಡ್ಡಿನಲ್ಲೇ ಉಳಿದಿದೆ. ಅದಕ್ಕೆ ಮೇಲೆ, ಕೆಳಗೆ, ನಿಲ್ಲು ಎಂಬ ಮೂರು ಬೇರೆಬೇರೆ ಸಂಕೇತಗಳಿರುವುದರಿಂದ ಪ್ರೊಜೆಕ್ಟರಿನಂತೆ ಉಲ್ಟಾ ಆಗುವ ಭಯವಿಲ್ಲ. ಆದರೂ ಕೀಲಿ ಒತ್ತಿದ ಮೇಲೆ ಅದು ಇಳಿಯುತ್ತಿದೆಯೇ ಎಂದು ತಲೆಯೆತ್ತಿ ನೋಡುವುದನ್ನು ನಾನು ಬಿಟ್ಟಿಲ್ಲ.