ಲೋಣಾರ್ ಪ್ಯಾಕೇಜ್‌ಗೆ ದುಡ್ಡು ಹಾಕೋ ಮುಂಚೆ ಓದಿ

ಪುಣೆಯಲ್ಲಿರೋ ಕನ್ನಡದವರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಉಲ್ಕಾ ಸರೋವರದ ವೀಕೆಂಡ್ ಪ್ಯಾಕೇಜ್ ಅಂತ ಒಂದು ಪೋಸ್ಟರ್ ಓಡಾಡುತ್ತಿದೆ. ಗುಲಾಬಿ ಬಣ್ಣದ ನೀರಿನ ಫೋಟೋ ಇರೋದು. ತಲೆಗೆ 6,500 ರೂಪಾಯಿ, ಅಷ್ಟೂ ಮುಂಗಡ. ಪ್ಯಾಕೇಜ್ ಮಾರೋನೂ ಕನ್ನಡದವನೇ. "ನಾವೆಲ್ಲ ಒಂದೇ ಊರ ಕಡೆಯವರು ಸಾರ್, ಯೋಚ್ನೆ ಬಿಡಿ" ಅಂದ.

ಗೈಡ್ ಜೊತೆ ಕೆಳಗಿಳಿಸಿ ನೀರಿನ ದಡದವರೆಗೆ ಕರ್ಕೊಂಡು ಹೋಗ್ತೀನಿ, ಕಮಲಜಾ ದೇವಿ ಗುಡಿ, ಊರೊಳಗಿನ ದೈತ್ಯಸೂದನ ದೇವಸ್ಥಾನ ಎಲ್ಲಾ ತೋರಿಸ್ತೀನಿ ಅಂದಿದ್ದ. ನಂಬಿ ದುಡ್ಡು ಕಟ್ಟಿ ಹೋದ ನಮಗೆ ತೋರಿಸಿದ್ದು ಸಂಭಾಜಿನಗರದ (ಹಳೇ ಔರಂಗಾಬಾದ್) ಪೈಠಣಿ ಸೀರೆ ಅಂಗಡಿ. ಆಮೇಲೆ ಇನ್ನೊಂದು ಸೀರೆ ಅಂಗಡಿ. ಊಟ ಆದ ಮೇಲೆ ಹಿಮ್ರೂ ಶಾಲಿನ ಅಂಗಡಿ. ಅಲ್ಲಿಂದ ಲೋಣಾರ್ ಇನ್ನೂ ಸುಮಾರು 150 ಕಿ.ಮೀ. ದೂರ ಇದೆ ಸ್ವಾಮಿ! ಟೆಂಪೋ ಟ್ರಾವೆಲರ್ ಹೋಗಿ ನಿಂತಾಗ ಹೊತ್ತು ಮುಳುಗುತ್ತಿತ್ತು.

1.8 ಕಿ.ಮೀ. ಅಗಲದ ಗುಂಡಿ ಅದು. ಅಂಚಿನಿಂದ ತಳಕ್ಕೆ 150 ಮೀಟರ್ ಹತ್ತಿರ. ಆಕಾಶದಿಂದ ಬಿದ್ದ ಕಲ್ಲು ಗಟ್ಟಿ ಬಸಾಲ್ಟ್ (ಕರಿಕಲ್ಲು) ಬಂಡೆಯನ್ನೇ ಬಗೆದು ಹಾಕಿದೆ. ಅದನ್ನ ನೋಡೋಕೆ ಅಷ್ಟು ದೂರ ಹೋದ ನಾವು ಕಂಡಿದ್ದು ಒಂದು ಕಂಬಿ ಬೇಲಿ, ಅದರಾಚೆ ಮಬ್ಬು ಮಬ್ಬಾದ ನೀರು. ಕಾವಲಿನವರು "ಇದು ಅಭಯಾರಣ್ಯ, ಈ ಹೊತ್ತಲ್ಲಿ ಕೆಳಗೆ ಬಿಡಲ್ಲ" ಅಂದರು. ಅವರದ್ದೇನು ತಪ್ಪು?

ಪ್ಯಾಕೇಜ್ ಮಾರಿದವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ, ಎಲ್ಲರೂ ಕೇಳಲಿ ಅಂತ.

"ಕೆರೆ ಕಾಣ್ತಿದೆ ತಾನೇ ಸಾರ್? ಮತ್ತೇನು?"

ಗುಲಾಬಿ ನೀರೆಲ್ಲಪ್ಪ ಅಂದೆ.

"ಈಗಿಲ್ಲ ಅಂದ್ರೆ ನಾನೇನು ಬಣ್ಣ ಕದಡ್ಲಾ?"

ಪಕ್ಕದಲ್ಲಿ ನಮ್ಮತ್ತೆ ನಿಂತಿದ್ದರು. ನಗಾಡಿದ್ದು ಡ್ರೈವರ್ ಒಬ್ಬನೇ. ಮೈಯೆಲ್ಲ ಉರಿದುಹೋಯಿತು. ಬಣ್ಣ ಕದಡ್ಲಾ ಅಂತೆ! ಆ ನೀರು ಗುಲಾಬಿಯಾಗಿದ್ದು 2020ರ ಜೂನ್‌ನಲ್ಲಿ. ನೀರಿಳಿದು ಉಪ್ಪು ಜಾಸ್ತಿಯಾಗಿ, ಉಪ್ಪಲ್ಲೇ ಬದುಕೋ ಸೂಕ್ಷ್ಮಜೀವಿಗಳಿಂದ ಬಂದ ಬಣ್ಣ. ಅದನ್ನ ಪರೀಕ್ಷೆ ಮಾಡಿ ಹೇಳಿದ್ದು ನಮ್ಮ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರೇ. ಮಾಮೂಲಿಯಾಗಿ ನೀರು ಹಸಿರು. ಇವನು ಇನ್ನೂ ಅದೇ ಫೋಟೋ ಹಾಕಿ ದುಡ್ಡು ಮಾಡ್ತಿದ್ದಾನೆ.

ಮೇಲೆ ಸಮಾಧಾನ ಬೇರೆ. "ಬೇಜಾರಾಗ್ಬೇಡಿ, ಗೈಡ್ ಹತ್ರ ಒರಿಜಿನಲ್ ಉಲ್ಕೆ ತುಂಡಿದೆ, ನಿಮಗೆ ಅಂತ 1,500ಕ್ಕೆ ಕೊಡಿಸ್ತೀನಿ." ಆ ಗೈಡ್ ಎಲ್ಲಿಂದಲೋ ಬಂದ, ಆಯಸ್ಕಾಂತ ತಂದು ಕಲ್ಲಿಗೆ ಟಕ್ ಅಂತ ಅಂಟಿಸಿದ. ನಮ್ಮ ಭಾವ ತಗೊಂಡೇಬಿಟ್ಟರು. ಬಸಾಲ್ಟ್‌ನಲ್ಲೇ ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಖನಿಜ ಇರುತ್ತೆ, ಅಲ್ಲಿನ ಸಾದಾ ಕರಿಕಲ್ಲಿಗೂ ಒಳ್ಳೆ ಆಯಸ್ಕಾಂತ ಹಿಡಿಯುತ್ತೆ. ಈಗ ಅದು ಅವರ ಮನೆ ಶೋಕೇಸ್‌ನಲ್ಲಿದೆ, ನಾನು ಸುಮ್ನಿದ್ದೀನಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ಅಂಗಡೀಲಿ ನಿಮ್ಮನೆ ಹೆಂಗಸರೇ ಲೇಟ್ ಮಾಡಿದ್ದು." ನನ್ನ ಹೆಂಡತಿ ಗಾಡಿಯಿಂದ ಇಳಿದೇ ಇರಲಿಲ್ಲ ಕಣ್ರೀ! ಅಷ್ಟು ಹೇಳಿ ನಂಬರ್ ಬ್ಲಾಕ್ ಮಾಡಿದ.

ಹೋಗೋದಾದರೆ ನೀವೇ ಹೋಗಿ. ರಾತ್ರಿ ಲೋಣಾರ್‌ನಲ್ಲೇ ಉಳಿದು, ಕೆಳಗೆ ಬಿಡ್ತಾರಾ ಅಂತ ಮೊದಲೇ ಕೇಳ್ಕೊಂಡು, ಬೆಳಿಗ್ಗೆ ಇಳಿಯಿರಿ. ಪೂರ್ತಿ ಮುಂಗಡ ಕೇಳೋನಿಗೆ ಒಂದು ಪೈಸೆ ಕೊಡಬೇಡಿ, ಅವನು ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಲಿ. ಆ ಗುಲಾಬಿ ಪೋಸ್ಟರ್ ನಿಮ್ಮ ಗ್ರೂಪಿಗೆ ಬಂದರೆ ಅದರ ಕೆಳಗೇ ಇದನ್ನು ಹಾಕಿ.